ಹೆಂಚಿನ ಕಾರ್ಖಾನೆಗೆ ಇನ್ನೊಂದು ಕಸುಬು

ಗುಂಡ್ಲುಪೇಟೆ, ತೆರಕಣಾಂಬಿಗಳಂಥ ಊರುಗಳ ಹಳೆಯ ಬೀದಿಗಳಲ್ಲಿ ಎರಡು ಬಗೆಯ ಚಾವಣಿಗಳು ಇನ್ನೂ ಅಕ್ಕಪಕ್ಕದಲ್ಲಿ ಕಾಣಸಿಗುತ್ತವೆ. ಕುಂಬಾರರು ತಿಗರಿಯ ಮೇಲೆ ಕೊಳವೆಯಾಗಿ ಎತ್ತಿ, ಹಸಿಯಿರುವಾಗಲೇ ಸೀಳಿ ಸುಟ್ಟ ನಾಡಹೆಂಚಿನದು ಒಂದು. ಅಚ್ಚಿನಲ್ಲಿ ಒತ್ತಿ ತೆಗೆದ, ಒಂದರ ಅಂಚು ಮತ್ತೊಂದರ ಕಚ್ಚಿನೊಳಗೆ ಕೂರುವ ಮಂಗಳೂರು ಹೆಂಚಿನದು ಇನ್ನೊಂದು. ಈ ಎರಡನೆಯ ಹೆಂಚು ಹುಟ್ಟಿದ ಕಾರ್ಖಾನೆಗಳ ಸಾಲು ಮಂಗಳೂರಿನ ನೇತ್ರಾವತಿ ದಂಡೆಯಲ್ಲಿ, ಜೆಪ್ಪುವಿನಿಂದ ಬೋಳಾರ, ಹೊಯಿಗೆ ಬಜಾರುಗಳವರೆಗೆ ಹರಡಿತ್ತು. ಅವುಗಳಲ್ಲಿ ಹಲವು ನೆಲಸಮವಾಗಿವೆ, ಉಳಿದವುಗಳಲ್ಲಿ ಹೆಚ್ಚಿನವು ಕೆಲಸ ನಿಲ್ಲಿಸಿ ಗಿಡಗಂಟಿಗಳ ನಡುವೆ ನಿಂತಿವೆ. ನದೀದಂಡೆಯನ್ನು ಅಂದಗೊಳಿಸುವ ಉತ್ಸಾಹ ನಗರಾಡಳಿತಗಳಲ್ಲಿ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಇಂಥ ಕಟ್ಟಡಗಳಿಗೆ ಯಾವ ಹೊಸ ಕಸುಬು ಕೊಡಬೇಕೆಂಬುದು ಸೌಂದರ್ಯದ ಪ್ರಶ್ನೆಯಾಗುವುದಕ್ಕಿಂತ ಮೊದಲು ಆ ಕಟ್ಟಡಗಳು ಹೇಗೆ ಕೆಲಸ ಮಾಡುತ್ತಿದ್ದವೆಂಬುದನ್ನು ತಿಳಿಯುವ ಪ್ರಶ್ನೆಯಾಗಿದೆ.

ತಿಳಿಯುವ ಕೆಲಸವನ್ನು ಮನೆಯೊಳಗೆ ನಿಂತು ತಲೆಯೆತ್ತಿ ನೋಡುವುದರಿಂದಲೇ ಆರಂಭಿಸಬಹುದು. ಮಂಗಳೂರು ಹೆಂಚಿನ ಒಳಮೈಯಲ್ಲಿ, ಎಂದರೆ ಅಟ್ಟವಿಲ್ಲದ ಮನೆಯಲ್ಲಿ ಮಲಗಿದವರ ಕಣ್ಣಿಗೆ ನೇರವಾಗಿ ಬೀಳುವ ಕಡೆ, ತಯಾರಕರ ಹೆಸರು ಉಬ್ಬಕ್ಷರದಲ್ಲಿ ಇರುತ್ತದೆ. ಅತ್ಯಂತ ಹಳೆಯ ಕಾರ್ಖಾನೆಯ ಹೆಂಚಾದರೆ ಹೆಸರಿನ ಜೊತೆಗೆ 1865 ಎಂಬ ಇಸವಿಯೂ ಇರುತ್ತದೆ. ಈ ಇಸವಿ ಹಲವು ಮನೆತನಗಳಿಗೆ ಹುಸಿ ಹೆಮ್ಮೆಯನ್ನು ತಂದುಕೊಟ್ಟಿದೆ. ಅದು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷವೇ ಹೊರತು ಹೆಂಚು ಸುಟ್ಟ ವರ್ಷವಲ್ಲ. ಆಮೇಲಿನ ದಶಕಗಳಲ್ಲಿ ಒತ್ತಿದ ಹೆಂಚುಗಳೂ ಅದೇ ಇಸವಿಯನ್ನು ಹೊತ್ತು ಬಂದಿರುವುದರಿಂದ, ಅದನ್ನು ತೋರಿಸಿ ಮನೆಯ ವಯಸ್ಸು ಹೇಳುವುದು ಅಂಗಡಿಯ ಫಲಕದಲ್ಲಿರುವ ಸ್ಥಾಪನೆಯ ವರ್ಷವನ್ನು ನೋಡಿ ಒಳಗಿನ ಬಟ್ಟೆಯ ವಯಸ್ಸು ಹೇಳಿದಂತೆ. ಇಸವಿಗಿಂತ ಹೆಸರೇ ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷಿ. ಬಾಸೆಲ್ ಮಿಷನ್ ಎಂದಿದ್ದರೆ ಹೆಂಚು ಮೊದಲನೆಯ ಮಹಾಯುದ್ಧಕ್ಕೆ ಹಿಂದಿನದು ಅಥವಾ ಅದರ ಆಸುಪಾಸಿನದು. ಕಾಮನ್‌ವೆಲ್ತ್ ಟ್ರಸ್ಟ್ ಎಂದಿದ್ದರೆ ಯುದ್ಧದ ನಂತರದ್ದು. ಜರ್ಮನಿಯ ನಂಟಿನ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು, 1919ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ವಹಿಸಿತು. ಕಾರ್ಖಾನೆಯ ಒಡೆತನ ಬದಲಾದರೂ 1865 ಮಾತ್ರ ಅಳಿಯಲಿಲ್ಲ. ಊರಿನ ಹೆಸರನ್ನೂ ಬಿಡದೆ ಓದಬೇಕು. ಕೋಳಿಕ್ಕೋಡಿನ ಹತ್ತಿರ ಚಾಲಿಯಾರ್ ನದಿಯ ದಡದ ಫೆರೋಕಿನಲ್ಲಿಯೂ ಮಿಷನ್ 1905ರಲ್ಲಿ ಇಂಥದೇ ಕಾರ್ಖಾನೆಯನ್ನು ತೆರೆದಿತ್ತು, ಮತ್ತು ಗುಂಡ್ಲುಪೇಟೆಗೆ ಮಂಗಳೂರಿಗಿಂತ ಸುಲ್ತಾನ್ ಬತ್ತೇರಿಯ ಮೇಲಿಂದ ಘಟ್ಟವಿಳಿದು ಸೇರುವ ಕೋಳಿಕ್ಕೋಡು ಬಹಳ ಹತ್ತಿರ. ಆದ್ದರಿಂದ ಈ ಸೀಮೆಯಲ್ಲಿ ಮಂಗಳೂರು ಹೆಂಚೆಂದು ಕರೆಯಲಾಗುವ ಹೆಂಚುಗಳಲ್ಲಿ ಒಂದಷ್ಟು ಮಂಗಳೂರನ್ನು ಕಂಡೇ ಇರಲಾರವು.

ಕಾರ್ಖಾನೆಯ ಮೂಲಪುರುಷನಾದ ಜಾರ್ಜ್ ಪ್ಲೆಬ್ಸ್ಟ್ ವೃತ್ತಿಯಿಂದ ಹೆಂಚಿನವನಲ್ಲ, ಅಚ್ಚುಕೂಟದವನು. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯ ಮೊದಲಿಗೆ ಶಿಲಾಮುದ್ರಣವನ್ನು, ಎಂದರೆ ನುಣುಪಾದ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಪ್ರತಿ ತೆಗೆಯುವ ವಿಧಾನವನ್ನು ಅನುಸರಿಸುತ್ತಿತ್ತು. ಕನ್ನಡದ ಮೊದಲ ಪತ್ರಿಕೆಯೆನಿಸಿದ ಮಂಗಳೂರ ಸಮಾಚಾರ 1843ರಲ್ಲಿ ಹೊರಬಂದದ್ದು ಹೀಗೆಯೇ. 1851ರಲ್ಲಿ ಬಂದ ಪ್ಲೆಬ್ಸ್ಟ್ ಈ ಮುದ್ರಣಾಲಯವನ್ನು ಸೀಸದ ಅಚ್ಚುಮೊಳೆಗಳ ಕಡೆಗೆ ಹೊರಳಿಸಿದವರಲ್ಲಿ ಪ್ರಮುಖ. ಅದೇ ಮನುಷ್ಯ ಒಂದೂವರೆ ದಶಕದೊಳಗೆ ನದೀದಂಡೆಯ ಜೇಡಿಯನ್ನು ಪರೀಕ್ಷಿಸಿ, ಯುರೋಪಿನ ಮಾದರಿಯ ಹೆಂಚನ್ನು ಇಲ್ಲಿ ಒತ್ತಲು ಹೊರಟದ್ದನ್ನು ಇತಿಹಾಸದ ಪುಸ್ತಕಗಳು ಎರಡು ಬೇರೆ ಅಧ್ಯಾಯಗಳಲ್ಲಿ ಹೇಳಿ ಮುಗಿಸುತ್ತವೆ. ಆದರೆ ಮೃದುವಾದ ವಸ್ತುವಿನ ಮೇಲೆ ಒಂದೇ ಆಕಾರವನ್ನು ಸಾವಿರ ಸಲ ತಪ್ಪದೆ ಮೂಡಿಸುವ ಕೌಶಲವೇ ಎರಡಕ್ಕೂ ಆಧಾರವೆಂಬುದನ್ನು ಗಮನಿಸಿದರೆ, ಕನ್ನಡದ ಅಕ್ಷರ ಮತ್ತು ಕನ್ನಡನಾಡಿನ ಸೂರು ಒಂದೇ ಕೈಯಿಂದ ಯಂತ್ರಯುಗಕ್ಕೆ ಬಂದವೆನ್ನುವುದು ಉತ್ಪ್ರೇಕ್ಷೆಯೆನಿಸದು. ಹೆಂಚಿನ ವಿನ್ಯಾಸವಂತೂ ಅವನ ಸ್ವಂತದ್ದಲ್ಲ. ಬಾಸೆಲ್ ನಗರಕ್ಕೆ ಸಮೀಪದ ಆಲ್ಸಾಸ್ ಸೀಮೆಯಲ್ಲಿ ಜಿಲಾರ್ಡೋನಿ ಸೋದರರು 1841ರಲ್ಲಿ ಹಕ್ಕುಪತ್ರ ಪಡೆದಿದ್ದ, ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿನ ವಂಶದಲ್ಲೇ ಇದೂ ಹುಟ್ಟಿದ್ದು.

ಮತಾಂತರದಿಂದಾಗಿ ಕುಲಕಸುಬನ್ನೂ ಊರಿನ ಆಸರೆಯನ್ನೂ ಕಳೆದುಕೊಂಡವರಿಗೆ ದುಡಿಮೆ ಒದಗಿಸುವುದು ಮಿಷನ್ನಿನ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳ ಘೋಷಿತ ಉದ್ದೇಶವಾಗಿತ್ತು. ಕೂಲಿಯೂ ಧರ್ಮವೂ ಒಂದೇ ಕೈಯಲ್ಲಿದ್ದಾಗ ಕೂಲಿಕಾರನ ಸ್ವಾತಂತ್ರ್ಯವೆಷ್ಟು ಎಂಬ ಅನುಮಾನವನ್ನು ಸ್ಮರಣಸಂಚಿಕೆಗಳ ಹೊಗಳಿಕೆ ಪೂರ್ತಿ ನಿವಾರಿಸುವುದಿಲ್ಲ. ವ್ಯಾಪಾರವಂತೂ ಬೆಳೆಯಿತು. ಸ್ಥಳೀಯ ಉದ್ಯಮಿಗಳೂ ಕಾರ್ಖಾನೆ ಹೂಡಿದರು, ಹೆಂಚು ಮುಂಬಯಿ, ಕೊಲಂಬೊ, ಏಡನ್, ಪೂರ್ವ ಆಫ್ರಿಕಾಗಳಿಗೆ ಹಡಗೇರಿತು, 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಒಳನಾಡಿಗೂ ಹರಿಯಿತು. ಆಮೇಲೆ ಕಾಂಕ್ರೀಟಿನ ತಾರಸಿ ಬಂತು, ಸೌದೆ ದುಬಾರಿಯಾಯಿತು, ಜೇಡಿ ತೆಗೆಯುವುದಕ್ಕೆ ಅಡ್ಡಿಗಳು ಹೆಚ್ಚಿದವು, ಕಾರ್ಖಾನೆಗಿಂತ ಅದು ನಿಂತ ನೆಲಕ್ಕೇ ಹೆಚ್ಚು ಬೆಲೆ ಬಂತು.

ಕೆಲಸ ನಿಂತ ಇಂಥ ಕಾರ್ಖಾನೆಯನ್ನು ಪ್ರವೇಶಿಸುವವರನ್ನು ಮೊದಲು ಸೆಳೆಯುವುದು ಚಿಮಣಿಯೇ ಆದರೂ ಅಚ್ಚರಿ ಇರುವುದು ಅದರಲ್ಲಲ್ಲ, ಉದ್ದಾನುದ್ದ ಚಾಚಿದ ಒಣಗುಮನೆಯಲ್ಲಿ. ಒತ್ತಿದ ಹಸಿಹೆಂಚನ್ನು ನೇರವಾಗಿ ಸುಟ್ಟರೆ ಅದು ಸೀಳುತ್ತದೆ, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ನೆರಳಿನಲ್ಲಿ, ಮೆಲ್ಲಗೆ ಹಾಯುವ ಗಾಳಿಯಲ್ಲಿ ಅದು ದಿನಗಟ್ಟಲೆ ಒಣಗಬೇಕು. ಆದ್ದರಿಂದಲೇ ಇಲ್ಲಿ ಗೋಡೆಗಳು ಕಡಿಮೆ. ಮರದ ಕಂಬಗಳ ಸಾಲು, ಗಾಳಿಯಾಡಲು ಸಂದು ಬಿಟ್ಟು ಹೊಡೆದ ಪಟ್ಟಿಗಳು, ಕಂಬದಿಂದ ಕಂಬಕ್ಕೆ ನೆಲದಿಂದ ಸೂರಿನವರೆಗೆ ಏರಿದ ಹಲಗೆಯ ಅಂಕಣಗಳು, ಅವುಗಳ ಮೇಲೆ ಕಾರ್ಖಾನೆ ತಾನೇ ಸುಟ್ಟ ಹೆಂಚಿನ ಹೊದಿಕೆ. ನಡುವೆ ಅಲ್ಲಲ್ಲಿ ಕೂರಿಸಿದ ಗಾಜಿನ ಹೆಂಚುಗಳಿಂದ ಇಳಿಯುವ ಬೆಳಕು ಧೂಳಿನಲ್ಲಿ ಕೋಲುಕೋಲಾಗಿ ನಿಲ್ಲುತ್ತದೆ. ಹೊರಗೆ ಕರಾವಳಿಯ ಸೆಕೆ ಕುದಿಯುತ್ತಿದ್ದರೂ ಒಳಗೆ ನದಿಯ ಕಡೆಯಿಂದ ಗಾಳಿ ಬೀಸುತ್ತಿರುತ್ತದೆ. ಈ ತಂಪನ್ನು ಯಾರೂ ಮನುಷ್ಯರಿಗಾಗಿ ಯೋಜಿಸಿರಲಿಲ್ಲ. ಹೆಂಚಿನ ಆರೋಗ್ಯಕ್ಕಾಗಿ ಯೋಜಿಸಿದ್ದು ಮನುಷ್ಯರಿಗೂ ದಕ್ಕಿತು.

ಒಣಗುಮನೆಯ ಪಕ್ಕದಲ್ಲಿ, ಕೆಲವು ಕಡೆ ಅದರ ಅಡಿಯಲ್ಲಿಯೇ, ಗೂಡು ಇರುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಬಳಕೆಗೆ ಬಂದ ಗೂಡು ಫ್ರೀಡ್ರಿಶ್ ಹಾಫ್‌ಮನ್ 1858ರಲ್ಲಿ ಹಕ್ಕುಪತ್ರ ಪಡೆದ ಬಗೆಯದು: ಕಮಾನಿನ ಕೋಣೆಗಳು ಒಂದಕ್ಕೊಂದು ಅಂಟಿ ಉಂಗುರವಾಗಿರುತ್ತವೆ, ಹೆಂಚು ಕೂತಲ್ಲೇ ಕೂತಿರುತ್ತದೆ, ಬೆಂಕಿಯೇ ಕೋಣೆಯಿಂದ ಕೋಣೆಗೆ ಸುತ್ತು ಹೋಗುತ್ತದೆ. ಸುಟ್ಟು ಆರುತ್ತಿರುವ ಕೋಣೆಯ ಮೂಲಕ ಹಾದು ಬಂದ ಗಾಳಿ ಬಿಸಿಯಾಗಿಯೇ ಬೆಂಕಿಯನ್ನು ಸೇರುತ್ತದೆ, ಬೆಂಕಿಯಿಂದ ಹೊರಟ ಹೊಗೆ ಮುಂದಿನ ಕೋಣೆಯ ಹಸಿಹೆಂಚನ್ನು ಕಾಯಿಸಿ ಆಮೇಲಷ್ಟೇ ಚಿಮಣಿಯನ್ನು ಹತ್ತುತ್ತದೆ, ಗೂಡಿನ ನೆತ್ತಿಯ ಕಾವು ಮೇಲಿನ ಅಟ್ಟದ ಹೆಂಚನ್ನು ಒಣಗಿಸುತ್ತದೆ. ಸೌದೆಯನ್ನು ಮೇಲಿನ ಪುಟ್ಟ ಕಿಂಡಿಗಳಿಂದ ಇಳಿಸಬೇಕಿದ್ದುದರಿಂದ ಆ ಕಾವಿನ ಮೇಲೆಯೇ ನಡೆದಾಡಿ ದುಡಿದವರ ಪಾದಗಳ ಕಥೆ ಯಾವ ಕಡತದಲ್ಲಿಯೂ ಸಿಗುವಂಥದ್ದಲ್ಲ. ಹೆಂಚು ಹೊತ್ತು ಸಾಗಿಸಿದ ಹೆಂಗಸರ ಕಥೆಯೂ ಅಷ್ಟೆ. ಗೂಡಿನಿಂದ ಹೊರಬಂದ ಹೆಂಚು ದಕ್ಕೆಗೆ, ಎಂದರೆ ದೋಣಿಗಳು ತಂಗುವ ಕಟ್ಟೆಗೆ, ಹೋಗುತ್ತಿತ್ತು. ಜೇಡಿ ಬಂದದ್ದೂ ಸೌದೆ ಬಂದದ್ದೂ ಅದೇ ನೀರಿನ ದಾರಿಯಲ್ಲಿ. ನದಿಯನ್ನು ಬಿಟ್ಟು ಈ ಕಾರ್ಖಾನೆಯನ್ನು ಅರ್ಥಮಾಡಿಕೊಳ್ಳುವುದಾಗಲಿ, ಉಳಿಸುವುದಾಗಲಿ ಸಾಧ್ಯವಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಾದ ಬೇಕಿಲ್ಲ.

ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೇಲೆ ನೇತ್ರಾವತಿಯ ದಂಡೆಗೂ ನಡಿಗೆದಾರಿಯ ಕನಸು ಬಂತು. ನಡಿಗೆದಾರಿ ತಪ್ಪಲ್ಲ, ನಗರದವರಿಗೆ ನದಿ ಕಾಣಿಸಬೇಕಾದದ್ದೇ. ಆದರೆ ಇಂಥ ಯೋಜನೆಗಳಿಗೆ ದೇಶದಾದ್ಯಂತ ಒಂದೇ ಅಚ್ಚಿದೆ, ಅಹಮದಾಬಾದಿನ ಸಾಬರಮತಿಯ ಕಾಂಕ್ರೀಟು ದಂಡೆ ಅದರ ಮೂಲ. ನೀರಿನಂಚಿಗೆ ಗೋಡೆ, ಗೋಡೆಯ ಮೇಲೆ ಇಂಟರ್‌ಲಾಕ್ ಕಲ್ಲು, ಬಣ್ಣಬಣ್ಣದ ದೀಪ, ಊರಿನ ಹೆಸರನ್ನು ಪ್ರೀತಿಸುವುದಾಗಿ ಸಾರುವ ಆಳೆತ್ತರದ ಅಕ್ಷರಗಳು. ಕರಾವಳಿಯ ಅಳಿವೆಯಲ್ಲಿ ಉಬ್ಬರವಿಳಿತಕ್ಕೆ ಒಗ್ಗಿಕೊಂಡ ಕಾಂಡ್ಲಾ ಗಿಡಗಳಿಗೂ ಹಳೆಯ ದಕ್ಕೆಗಳಿಗೂ ಈ ಅಚ್ಚಿನಲ್ಲಿ ಜಾಗ ಕಡಿಮೆ. ಕಾರ್ಖಾನೆ ಮತ್ತು ನೀರಿನ ನಡುವೆ ಇಂಥ ದಾರಿಯೊಂದು ಅಡ್ಡ ಬಂದರೆ ಕಟ್ಟಡ ಉಳಿದೂ ಅನಾಥವಾಗುತ್ತದೆ. ಇನ್ನು ಕಟ್ಟಡವನ್ನು ಕೆಡವಿ ಚಿಮಣಿಯೊಂದನ್ನೇ ವಸತಿ ಸಮುಚ್ಚಯದ ಅಂಗಳದಲ್ಲಿ ನಿಲ್ಲಿಸುವ ಕ್ರಮ, ಹಲವು ನಗರಗಳಲ್ಲಿ ಪರಂಪರೆಯ ರಕ್ಷಣೆಯೆಂದು ಕರೆಸಿಕೊಳ್ಳುತ್ತಿದ್ದರೂ, ಗೂಡಿಲ್ಲದ ಚಿಮಣಿ ಏನನ್ನೂ ಹೇಳುವುದಿಲ್ಲ.

ಬೇರೆ ದಾರಿಗಳಿಲ್ಲವೆಂದಲ್ಲ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 1981ರಲ್ಲಿ ಕೆಲಸ ನಿಲ್ಲಿಸಿದ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ 2000ರಲ್ಲಿ ಟೇಟ್ ಮಾಡರ್ನ್ ಎಂಬ ಕಲಾಸಂಗ್ರಹಾಲಯವಾಯಿತು; ಅದನ್ನು ರೂಪಿಸಿದ ಹರ್ಜೋಗ್ ಮತ್ತು ಡಿ ಮ್ಯೂರಾನ್ ವಾಸ್ತುಶಿಲ್ಪಿಗಳು ಬಾಸೆಲ್ ನಗರದವರೆಂಬುದು ಕಾಕತಾಳೀಯವೇ ಆದರೂ ಮಂಗಳೂರಿನವರಿಗೆ ರುಚಿಸಬೇಕಾದ ಸಂಗತಿ. ಆದರೆ ಆ ಮಾದರಿಗೆ ಬೇಕಾದ ಹಣವೂ ಜನಸಂದಣಿಯೂ ಇಲ್ಲಿ ದೊರೆಯುವ ಭರವಸೆಯಿಲ್ಲ. ಹೆಚ್ಚು ಹತ್ತಿರದ ಪಾಠ ಫೋರ್ಟ್ ಕೊಚ್ಚಿಯಲ್ಲಿದೆ. 1867ರಲ್ಲಿ ಆರಂಭವಾದ ಆಸ್ಪಿನ್‌ವಾಲ್ ಕಂಪನಿಯ ನೀರಂಚಿನ ಗೋದಾಮುಗಳು 2012ರಿಂದ ಕೊಚ್ಚಿ ಮುಜಿರಿಸ್ ಬಿನಾಲೆ ಎಂಬ ಕಲಾಮೇಳಕ್ಕೆ ಮನೆಯಾದದ್ದು ಗೋಡೆಗಳ ಪಾಚಿಯನ್ನು ಕೂಡ ಹೆಚ್ಚು ಕೆದಕದೆ. ಮೇಳವಿಲ್ಲದ ತಿಂಗಳುಗಳಲ್ಲಿ ಕಟ್ಟಡವೇನು ಮಾಡಬೇಕೆಂಬ ಪ್ರಶ್ನೆ ಅಲ್ಲಿಯೂ ತಪ್ಪಿದ್ದಲ್ಲ. ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ, ಮಾಂಬಳ್ಳಿಗಳ ರೇಷ್ಮೆ ಕಾರ್ಖಾನೆಗಳನ್ನು ಕೆಲಸವಿಲ್ಲದ ದಿನಗಳಲ್ಲಿ ಕಂಡವರಿಗೆ ಈ ಪ್ರಶ್ನೆಯ ತೂಕ ತಿಳಿದಿದೆ: ಕಸುಬಿಲ್ಲದ ಕಟ್ಟಡಕ್ಕೆ ಸುಣ್ಣಬಣ್ಣ ಮಾಡಿದರೆ ಅದು ಮತ್ತೊಂದು ಮಳೆಗಾಲವನ್ನು ಕಳೆಯುತ್ತದೆ, ಅಷ್ಟೆ.

ಕಾನೂನು ಇಲ್ಲಿ ಅರ್ಧ ನೆರವಾಗುತ್ತದೆ. 1991ರಲ್ಲಿ ಮೊದಲು ಹೊರಬಿದ್ದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಆಮೇಲೆ ಅದರ ಜಾಗಕ್ಕೆ ಬಂದ ರೂಪಗಳಲ್ಲಿಯೂ, ಕಡಲತೀರಕ್ಕೆ ಮಾತ್ರವಲ್ಲದೆ ಉಬ್ಬರವಿಳಿತದ ಪ್ರಭಾವವಿರುವ ನದೀಭಾಗಕ್ಕೂ ಅನ್ವಯಿಸುವುದರಿಂದ, ನೀರಿನಂಚಿನಲ್ಲಿ ಹೊಸದಾಗಿ ಕಟ್ಟುವುದು ಸುಲಭವಲ್ಲ. ಆ ಕಾರಣಕ್ಕೇ ಅಲ್ಲಿ ಈಗಾಗಲೇ ನಿಂತಿರುವ ಹಳೆಯ ಕಟ್ಟಡ ಕೆಡವುವವನಿಗಿಂತ ದುರಸ್ತಿ ಮಾಡುವವನಿಗೆ ಹೆಚ್ಚು ಲಾಭದ್ದು. ಸ್ಮಾರಕ ರಕ್ಷಣೆಯ ಕಾನೂನಿನಿಂದ ಅಷ್ಟು ನಿರೀಕ್ಷಿಸುವಂತಿಲ್ಲ. 1958ರ ಕೇಂದ್ರ ಕಾಯ್ದೆಗೆ ನೂರು ವರ್ಷದ ವಯಸ್ಸು ಸಾಕಾದರೂ, ದೇವಾಲಯ, ಕೋಟೆಗಳ ಸಾಲಿನಲ್ಲಿ ಕಾರ್ಖಾನೆಯನ್ನು ಕೂರಿಸುವ ಅಭ್ಯಾಸ ಇಲಾಖೆಗಳಿಗೆ ಇನ್ನೂ ಬಂದಿಲ್ಲ. ಕೈಗಾರಿಕಾ ಪರಂಪರೆಯಲ್ಲಿ ಯಂತ್ರ, ಕುಶಲಜ್ಞಾನ, ದುಡಿದವರ ಬದುಕು ಎಲ್ಲವೂ ಸೇರುತ್ತವೆಂದು 2003ರ ನಿಜ್ನಿ ತಗಿಲ್ ಎಂಬ ಅಂತರರಾಷ್ಟ್ರೀಯ ಸನ್ನದು ಹೇಳಿದ್ದು ಇಲ್ಲಿನ ಕಚೇರಿಗಳ ಕಿವಿಗೆ ಬಿದ್ದಂತಿಲ್ಲ.

ಗೋಡೆಯಿಲ್ಲದ ಒಣಗುಮನೆಗೆ ಗಾಜು ಹಾಕಿ ಹವಾನಿಯಂತ್ರಣ ಕೂರಿಸುವುದು ಅದರ ಗುಣವನ್ನೇ ಕಳೆದಂತಾಗುವುದರಿಂದ, ಗಾಳಿ ಬೇಕಾಗುವ ಕಸುಬುಗಳೇ ಅಲ್ಲಿಗೆ ಸರಿ: ಸಂತೆ, ಮರಗೆಲಸ, ಯಕ್ಷಗಾನದ ತಾಲೀಮು, ಮತ್ತು ಎಲ್ಲಕ್ಕಿಂತ ಮೊದಲು ಹೆಂಚೇ. ಹಳೆಯ ಮನೆಗಳನ್ನು ದುರಸ್ತಿ ಮಾಡುವವರಿಗೆ ಇವತ್ತು ದೊಡ್ಡ ತೊಡಕು ಹೆಂಚಿನ ಕೊರತೆಯಲ್ಲ, ಹೊಂದಾಣಿಕೆಯದು. ಭಾರತೀಯ ಮಾನಕ 654 ಮಂಗಳೂರು ಮಾದರಿಗೆ ಮೂರು ಅಳತೆಗಳನ್ನು ಒಪ್ಪುತ್ತದೆ, ಹಳೆಯ ಕಾರ್ಖಾನೆಗಳ ಅಚ್ಚುಗಳಲ್ಲಿ ಕಚ್ಚಿನ ಆಳವೂ ಬೇರೆ ಬೇರೆ; ಹೀಗಾಗಿ ಒಂದು ಕಾರ್ಖಾನೆಯ ಹೆಂಚು ಒಡೆದ ಜಾಗಕ್ಕೆ ಇನ್ನೊಂದರದ್ದು ಕೂರದೆ, ರೀಪು ಎಂದರೆ ಹೆಂಚು ನೇತುಹಾಕುವ ಮರದ ಪಟ್ಟಿಯನ್ನೇ ಬಿಚ್ಚಿ ಮತ್ತೆ ಹೊಡೆಯಬೇಕಾಗುತ್ತದೆ. ಗೂಡಿನ ಒಂದೆರಡು ಕೋಣೆ, ಹಳೆಯ ಅಚ್ಚುಗಳ ಒಂದು ಸಂಗ್ರಹ, ಒತ್ತುವ ಒಂದು ಯಂತ್ರ ಇದ್ದರೆ ಬೇಡಿಕೆಗೆ ತಕ್ಕಂತೆ ಬದಲಿ ಹೆಂಚು ಮಾಡಿಕೊಡುವ ಕೆಲಸ ಅಲ್ಲಿಯೇ ನಡೆದೀತು. ಅದರ ಗಿರಾಕಿಗಳು ಮಂಗಳೂರಿನಲ್ಲಿ ಮಾತ್ರವಲ್ಲ, ಗುಂಡ್ಲುಪೇಟೆಯ ಹಳೆಯ ಬೀದಿಗಳಲ್ಲಿಯೂ ಬಂಡೀಪುರದ ಅಂಚಿನ ರೆಸಾರ್ಟುಗಳಲ್ಲಿಯೂ ಇದ್ದಾರೆ. ಸೌದೆಯ ಬದಲಿಗೆ ಗೇರುಬೀಜದ ಸಿಪ್ಪೆಯಂಥ ಇಂಧನವನ್ನು ಹಳೆಯ ಗೂಡು ತಾಳುತ್ತದೆಯೇ ಎಂಬುದನ್ನೂ, ನದೀಬಯಲಿನ ಜೇಡಿಯನ್ನು ಮುಟ್ಟದೆ ಕೆರೆಗಳ ಹೂಳಿನಿಂದ ಹೆಂಚು ಒತ್ತಿದರೆ ಅದು ಒಣಗುವಾಗ ಎಷ್ಟು ಕುಗ್ಗುತ್ತದೆಂಬುದನ್ನೂ ನಕ್ಷೆ ಬರೆಯುವ ಮೊದಲೇ ಪರೀಕ್ಷಿಸಬೇಕಾಗುತ್ತದೆ. ಹೂಳಿನಲ್ಲಿ ಮರಳು ಹೆಚ್ಚಿದ್ದರೆ ಹೆಂಚು ನೀರು ಹೀರುತ್ತದೆ, ಜೇಡಿ ಹೆಚ್ಚಿದ್ದರೆ ಸೊಟ್ಟಗಾಗುತ್ತದೆ. ಎರಡನ್ನೂ ಎಷ್ಟೆಷ್ಟು ಬೆರೆಸಬೇಕೆಂಬ ಅಂದಾಜು ಕೈಯಲ್ಲಿದ್ದ ಕೆಲಸಗಾರರಲ್ಲಿ ಕೆಲವರು ಜೆಪ್ಪು, ಉಳ್ಳಾಲಗಳ ಕಡೆ ಇನ್ನೂ ಸಿಗಬಹುದಾದ ಕಾಲ ಇದು.