ಉಚಿತ ಉಪಗ್ರಹ ವಾಹಿನಿಗಳ ರಿಸೀವರ್

ಉಚಿತ ಉಪಗ್ರಹ ವಾಹಿನಿಗಳ ರಿಸೀವರ್ ಎಂದರೆ ಉಪಗ್ರಹದಿಂದ ಗೂಢಲಿಪಿಯ ಬೀಗವಿಲ್ಲದೆ ಬರುವ ದೂರದರ್ಶನ ಮತ್ತು ರೇಡಿಯೋ ಸಂಕೇತಗಳನ್ನು ಹುಡುಕಿ, ಬಿಡಿಸಿ, ಟಿ.ವಿ.ಯಲ್ಲಿ ತೋರಿಸಲು ತಕ್ಕ ಚಿತ್ರ ಮತ್ತು ಧ್ವನಿಯಾಗಿ ಮಾರ್ಪಡಿಸುವ ಉಪಕರಣ. ಆಡುಮಾತಿನಲ್ಲಿ ಇದನ್ನು ಸೆಟ್‌ಟಾಪ್ ಬಾಕ್ಸ್, ಫ್ರೀ ಡಿಶ್ ಬಾಕ್ಸ್ ಅಥವಾ ಬರಿದೇ ‘ಬಾಕ್ಸ್’ ಎನ್ನುತ್ತಾರೆ. ಖಾಸಗಿ ಡಿಟಿಎಚ್ ಸಂಸ್ಥೆಗಳ ಪೆಟ್ಟಿಗೆಗಳಿಗೆ ಚಂದಾದಾರರ ಕಾರ್ಡ್ ಮತ್ತು ತಿಂಗಳ ಶುಲ್ಕ ಬೇಕು. ಈ ಬಗೆಯ ರಿಸೀವರ್‌ಗೆ ಒಮ್ಮೆ ಕೊಟ್ಟ ಬೆಲೆಯ ಹೊರತು ಬೇರೆ ಖರ್ಚಿಲ್ಲ.

ಮಾರುಕಟ್ಟೆಯಲ್ಲಿ ಇವುಗಳ ಹೋಲಿಕೆ ಹೆಚ್ಚಾಗಿ ‘ಎಷ್ಟು ಚಾನೆಲ್ ಬರುತ್ತದೆ’ ಎಂಬ ಪ್ರಶ್ನೆಯಲ್ಲೇ ಮುಗಿಯುತ್ತದೆ. ವಾಹಿನಿಗಳ ಸಂಖ್ಯೆಯನ್ನು ನಿರ್ಧರಿಸುವುದು ಉಪಗ್ರಹ ಮತ್ತು ಡಿಶ್. ಅಲ್ಲಿಂದ ಬಂದದ್ದನ್ನು ಅರ್ಥ ಮಾಡಿಕೊಳ್ಳುವುದಷ್ಟೇ ಬಾಕ್ಸ್‌ನ ಕೆಲಸ. ಆದ್ದರಿಂದ ಒಂದು ಊರನ್ನು ಮುಂದಿಟ್ಟುಕೊಂಡು ನೋಡಿದರೆ ಹೋಲಿಕೆ ಸ್ಪಷ್ಟವಾಗುತ್ತದೆ. ಈ ಲೇಖನದ ಲೆಕ್ಕಗಳನ್ನು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಕಲ್ಲುಗುಂಡಿಗೆ ಅನ್ವಯಿಸಿ ಕೊಡಲಾಗಿದೆ. ಮಾಣಿ–ಮೈಸೂರು ಹೆದ್ದಾರಿಯಲ್ಲಿ, ಪಯಸ್ವಿನಿ ನದಿಯ ಬದಿಯಲ್ಲಿ, ಸಂಪಾಜೆ ಘಾಟಿಯ ಬುಡದಲ್ಲಿರುವ ಈ ಪೇಟೆಯ ಸುತ್ತ ಗುಡ್ಡ, ಅಡಿಕೆ ತೋಟ ಮತ್ತು ರಬ್ಬರ್ ತೋಟಗಳಿವೆ. ಪುತ್ತೂರು, ಕಡಬ ತಾಲೂಕುಗಳ ಹಳ್ಳಿಗಳಿಗೂ ಈ ಲೆಕ್ಕಗಳು ಒಂದು ಡಿಗ್ರಿಯ ಆಸುಪಾಸಿನ ವ್ಯತ್ಯಾಸದಲ್ಲಿ ಹೊಂದುತ್ತವೆ.

ಹಿನ್ನೆಲೆ

ಕರ್ನಾಟಕದ ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ದೂರದರ್ಶನ ಬಂದದ್ದು 1975ರ ಆಗಸ್ಟ್ 1ರಂದು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಬಳಸಿ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಸೇರಿದ್ದವು. ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಅಲ್ಲಿ ನಿಲ್ಲಿಸಿದ್ದ ತಂತಿಬಲೆಯ ಡಿಶ್‌ಗಳು ಸುಮಾರು ಮೂರು ಮೀಟರ್ ಅಗಲವಾಗಿದ್ದವು. ಕರಾವಳಿ ಮತ್ತು ಮಲೆನಾಡು ಆ ಪ್ರಯೋಗದ ಹೊರಗೇ ಉಳಿದವು.

ಪ್ರಸಾರ ಭಾರತಿಯು 2004ರ ಡಿಸೆಂಬರ್ 16ರಂದು ‘ಡಿಡಿ ಡೈರೆಕ್ಟ್ ಪ್ಲಸ್’ ಎಂಬ ಶುಲ್ಕರಹಿತ ಡಿಟಿಎಚ್ ಸೇವೆಯನ್ನು ಆರಂಭಿಸಿತು. ಮೊದಲು ಇದು ಪೂರ್ವ ರೇಖಾಂಶ 95 ಡಿಗ್ರಿಯಲ್ಲಿದ್ದ ಎನ್‌ಎಸ್‌ಎಸ್-6 ಉಪಗ್ರಹದಿಂದ ಬರುತ್ತಿತ್ತು. ಮುಂದೆ 93.5 ಡಿಗ್ರಿಯಲ್ಲಿದ್ದ ಇನ್ಸಾಟ್-4ಬಿಗೂ, 2015ರ ನವೆಂಬರ್‌ನಲ್ಲಿ ಉಡಾವಣೆಯಾದ ಜಿಸ್ಯಾಟ್-15ಕ್ಕೂ ವರ್ಗಾವಣೆಗೊಂಡಿತು. ಸೇವೆಯ ಈಗಿನ ಹೆಸರು ‘ಡಿಡಿ ಫ್ರೀ ಡಿಶ್’. ದೂರದರ್ಶನದ ಚಂದನ ವಾಹಿನಿ ಕನ್ನಡದ ಮನೆಗಳಿಗೆ ಶುಲ್ಕವಿಲ್ಲದೆ ಸಿಗುವುದು ಇದರ ಮೂಲಕ. ಭಾರತದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ.

2020ರ ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಈ ಪೆಟ್ಟಿಗೆಗಳ ಬೆಲೆ ಬೇರೆ ರೀತಿಯಲ್ಲಿ ತಿಳಿಯಿತು. ರಾಜ್ಯದ ಶಿಕ್ಷಣ ಇಲಾಖೆ ‘ಸಂವೇದ’ ಎಂಬ ಹೆಸರಿನಲ್ಲಿ ಪ್ರೌಢಶಾಲಾ ಪಾಠಗಳನ್ನು ಚಂದನದಲ್ಲಿ ಪ್ರಸಾರ ಮಾಡಿತು. ಸುಳ್ಯದ ಒಳಹಳ್ಳಿಗಳಲ್ಲಿ ಮೊಬೈಲ್ ಸಂಕೇತಕ್ಕಾಗಿ ಮಕ್ಕಳು ಗುಡ್ಡ ಹತ್ತಬೇಕಾಗಿದ್ದ ದಿನಗಳವು. ಗುಡ್ಡದ ಮರೆಯಲ್ಲಿರುವ ಮನೆಗೆ ಮೊಬೈಲ್ ಗೋಪುರ ಕಾಣದಿದ್ದರೂ ಉಪಗ್ರಹ ಕಾಣುತ್ತದೆ. ಇದಕ್ಕೆ ಕಾರಣ ಉಪಗ್ರಹ ಇರುವ ಎತ್ತರ.

ಕಲ್ಲುಗುಂಡಿಯಿಂದ ಕಾಣುವ ಆಕಾಶ

ಭೂಸ್ಥಿರ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿವೆ. ಕಲ್ಲುಗುಂಡಿ ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶ, 75.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಇಲ್ಲಿಂದ ಲೆಕ್ಕ ಹಾಕಿದರೆ 93.5 ಡಿಗ್ರಿಯ ಉಪಗ್ರಹವು ಆಗ್ನೇಯ ದಿಕ್ಕಿನಲ್ಲಿ, ಅಂದರೆ ಉತ್ತರದಿಂದ ಪ್ರದಕ್ಷಿಣವಾಗಿ 124 ಡಿಗ್ರಿಯಲ್ಲಿ, ಕ್ಷಿತಿಜದಿಂದ ಸುಮಾರು 64 ಡಿಗ್ರಿ ಮೇಲೆ ಇರುತ್ತದೆ. 83 ಡಿಗ್ರಿಯ ಜಿಸ್ಯಾಟ್-30 ಇನ್ನೂ ಎತ್ತರದಲ್ಲಿ, ಸುಮಾರು 73 ಡಿಗ್ರಿಯಲ್ಲಿ ಸಿಗುತ್ತದೆ. 66 ಡಿಗ್ರಿಯ ಇಂಟೆಲ್‌ಸ್ಯಾಟ್-17 ನೈಋತ್ಯಕ್ಕಿದ್ದು, ಅದರ ಎತ್ತರವೂ 71 ಡಿಗ್ರಿಗಿಂತ ಹೆಚ್ಚು.

ಇಷ್ಟು ಎತ್ತರದಲ್ಲಿರುವ ಉಪಗ್ರಹಕ್ಕೆ ಪೂರ್ವದಲ್ಲಿರುವ ಘಟ್ಟ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಅಂಗಳದಂಚಿನ ಮರ. ಡಿಶ್‌ಗಿಂತ 20 ಮೀಟರ್ ಎತ್ತರಕ್ಕೆ ಬೆಳೆದ ಅಡಿಕೆ ಮರ ಆಗ್ನೇಯ ದಿಕ್ಕಿನಲ್ಲಿ ಒಂಬತ್ತೂವರೆ ಮೀಟರ್‌ಗಿಂತ ಹತ್ತಿರವಿದ್ದರೆ ಅದರ ಸೋಗೆ ಸಂಕೇತದ ದಾರಿಯೊಳಗೆ ಬರುತ್ತದೆ. ಅದಕ್ಕಿಂತ ದೂರವಿದ್ದರೆ ತೊಂದರೆಯಿಲ್ಲ. ಒದ್ದೆ ಸೋಗೆ ಒಣ ಸೋಗೆಗಿಂತ ಹೆಚ್ಚು ಸಂಕೇತವನ್ನು ನುಂಗುವುದರಿಂದ, ಬೇಸಗೆಯಲ್ಲಿ ಸರಿಯಾಗಿದ್ದ ಚಿತ್ರ ಆಷಾಢದಲ್ಲಿ ಒಡೆಯುತ್ತದೆ. ದೂರು ಮಾತ್ರ ಬಾಕ್ಸ್‌ನ ಮೇಲೆ ಬರುತ್ತದೆ.

ಅಡ್ಡಿಯನ್ನು ಪತ್ತೆಹಚ್ಚಲು ಉಪಕರಣ ಬೇಡ. ಮಾರ್ಚ್ ತಿಂಗಳ ಮಧ್ಯದಲ್ಲಿ ಬೆಳಗ್ಗೆ ಸುಮಾರು 11 ಗಂಟೆ 10 ನಿಮಿಷಕ್ಕೆ, ಸೆಪ್ಟೆಂಬರ್ ಕೊನೆಯ ವಾರದಲ್ಲಿ 11ಕ್ಕೆ ಸ್ವಲ್ಪ ಮೊದಲು, ಸೂರ್ಯನು ಇಲ್ಲಿಂದ ನೋಡಿದಾಗ 93.5 ಡಿಗ್ರಿಯ ಉಪಗ್ರಹದ ಹಿಂದೆಯೇ ಹಾದುಹೋಗುತ್ತಾನೆ. ಆ ಹೊತ್ತಿಗೆ ಡಿಶ್‌ನ ಮೇಲೆ ಮರದ ನೆರಳು ಬಿದ್ದರೆ ಉಪಗ್ರಹವೂ ಆ ಮರದ ಮರೆಯಲ್ಲಿದೆ ಎಂದೇ ಅರ್ಥ. ಅದೇ ದಿನಗಳಲ್ಲಿ ಸೂರ್ಯನ ರೇಡಿಯೋ ಗದ್ದಲದಿಂದ ಕೆಲವು ನಿಮಿಷ ಚಿತ್ರ ಹಾಳಾಗುವುದು ಸಹಜ; ಅದಕ್ಕಾಗಿ ಯಾರೂ ಡಿಶ್ ತಿರುಗಿಸಬೇಕಾಗಿಲ್ಲ.

ಸಂಕೇತದ ಹಾದಿ

ಫ್ರೀ ಡಿಶ್ ಸಂಕೇತಗಳು ಕೆಯು ಬ್ಯಾಂಡ್‌ನಲ್ಲಿವೆ. ಡಿಶ್‌ನ ಎದುರಿಗಿರುವ ಎಲ್‌ಎನ್‌ಬಿ ಆ ಅಧಿಕ ಆವರ್ತನವನ್ನು ಕೇಬಲ್‌ನಲ್ಲಿ ಸಾಗಬಲ್ಲ 950ರಿಂದ 2150 ಮೆಗಾಹರ್ಟ್ಸ್ ವ್ಯಾಪ್ತಿಗೆ ಇಳಿಸುತ್ತದೆ. ಉದಾಹರಣೆಗೆ 11090 ಮೆಗಾಹರ್ಟ್ಸ್‌ನ ಟ್ರಾನ್ಸ್‌ಪಾಂಡರ್, 9750ರ ಆಂದೋಲಕವಿರುವ ಎಲ್‌ಎನ್‌ಬಿಯಿಂದ 1340 ಮೆಗಾಹರ್ಟ್ಸ್ ಆಗಿ ಹೊರಬರುತ್ತದೆ. ಬಾಕ್ಸ್‌ನ ಮೆನುವಿನಲ್ಲಿ ಎಲ್‌ಎನ್‌ಬಿಯ ಬಗೆಯನ್ನು ತಪ್ಪಾಗಿ ಆರಿಸಿದರೆ ಈ ಕಳೆಯುವ ಲೆಕ್ಕವೇ ತಪ್ಪಿ, ಒಂದೂ ವಾಹಿನಿ ಸಿಗುವುದಿಲ್ಲ. ಬಾಕ್ಸ್ ಅದೇ ಕೇಬಲ್‌ನಲ್ಲಿ 13 ವೋಲ್ಟ್ ಕಳುಹಿಸಿದರೆ ಲಂಬ ಧ್ರುವೀಕರಣವೂ 18 ವೋಲ್ಟ್ ಕಳುಹಿಸಿದರೆ ಅಡ್ಡ ಧ್ರುವೀಕರಣವೂ ಆಯ್ಕೆಯಾಗುತ್ತದೆ.

ಭೂಮಧ್ಯರೇಖೆಗೆ ಹತ್ತಿರವಿರುವ ಊರುಗಳಲ್ಲಿ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲಿ ಸಾಕಷ್ಟು ತಿರುಗಿಸಬೇಕಾಗುತ್ತದೆ. 93.5 ಡಿಗ್ರಿಗೆ ಕಲ್ಲುಗುಂಡಿಯಲ್ಲಿ ಈ ಓರೆ ಸುಮಾರು 54 ಡಿಗ್ರಿ ಎಂದು ಗಣಿತ ಹೇಳುತ್ತದೆ. ಉತ್ತರ ಭಾರತದ ಚಿತ್ರಗಳನ್ನು ನೋಡಿ ನೆಟ್ಟಗೆ ಕೂರಿಸಿದ ಎಲ್‌ಎನ್‌ಬಿ ಇಲ್ಲಿ ಅರೆಬರೆ ಕೆಲಸ ಮಾಡುತ್ತದೆ.

ರಿಸೀವರ್‌ಗಳ ಹೋಲಿಕೆ

ಮೊದಲು ನೋಡಬೇಕಾದದ್ದು ಬಾಕ್ಸ್ ಯಾವ ಪ್ರಸಾರ ಮಾನದಂಡವನ್ನು ಮತ್ತು ಯಾವ ಚಿತ್ರ ಸಂಕೋಚನವನ್ನು ಬಲ್ಲದು ಎಂಬುದನ್ನು. ಹಳೆಯ ಅಗ್ಗದ ಪೆಟ್ಟಿಗೆಗಳು ಡಿವಿಬಿ-ಎಸ್ ಮಾನದಂಡ ಮತ್ತು ಎಂಪೆಗ್-2 ಚಿತ್ರಗಳಿಗೆ ಸೀಮಿತವಾಗಿವೆ. ಫ್ರೀ ಡಿಶ್‌ನಲ್ಲಿ ಎಂಪೆಗ್-2 ವಾಹಿನಿಗಳ ಜತೆಗೆ ಎಂಪೆಗ್-4 ವಾಹಿನಿಗಳೂ ಇವೆ. ಹಳೆಯ ಪೆಟ್ಟಿಗೆಯಲ್ಲಿ ಎರಡನೆಯವು ಪಟ್ಟಿಗೇ ಬರುವುದಿಲ್ಲ, ಇಲ್ಲವೆ ಧ್ವನಿ ಕೇಳಿಸಿ ಪರದೆ ಕಪ್ಪಾಗಿ ಉಳಿಯುತ್ತದೆ. ಡಿವಿಬಿ-ಎಸ್2 ಮತ್ತು ಎಂಪೆಗ್-4 ಎರಡನ್ನೂ ಬಲ್ಲ ಬಾಕ್ಸ್ ಹಳೆಯ ಬಗೆಯ ಸಂಕೇತಗಳನ್ನೂ ತೋರಿಸುತ್ತದೆ. ಇಂದು ಹೊಸದಾಗಿ ಕೊಳ್ಳುವವರಿಗೆ ಇದಕ್ಕಿಂತ ಕಡಿಮೆಯದನ್ನು ಶಿಫಾರಸು ಮಾಡಲು ಕಾರಣವಿಲ್ಲ. ಎಚ್‌ಇವಿಸಿ ಎಂಬ ಇನ್ನೂ ಹೊಸ ಸಂಕೋಚನ ಬೇಕಾಗುವುದು ಬೇರೆ ಬೇರೆ ಉಪಗ್ರಹಗಳನ್ನು ಹುಡುಕುವ ಹವ್ಯಾಸಿಗಳಿಗೆ.

ಎರಡನೆಯದು ಹುಡುಕುವ ವಿಧಾನ. ಸಾಮಾನ್ಯ ಬಾಕ್ಸ್ ತನ್ನ ಸ್ಮರಣೆಯಲ್ಲಿ ಕಾರ್ಖಾನೆಯವರು ತುಂಬಿಸಿಟ್ಟ ಟ್ರಾನ್ಸ್‌ಪಾಂಡರ್ ಪಟ್ಟಿಯನ್ನು ಒಂದೊಂದಾಗಿ ಪರೀಕ್ಷಿಸುತ್ತದೆ. ಪಟ್ಟಿಯಲ್ಲಿ ಇಲ್ಲದ ಆವರ್ತನ ಅದರ ಪಾಲಿಗೆ ಇಲ್ಲವೇ ಇಲ್ಲ. ನೆಟ್‌ವರ್ಕ್ ಹುಡುಕಾಟದಲ್ಲಿ ಒಂದು ಟ್ರಾನ್ಸ್‌ಪಾಂಡರ್ ತನ್ನ ಜತೆಯವುಗಳ ವಿವರವನ್ನೂ ಕೊಡುವುದರಿಂದ ಹೊಸದಾಗಿ ಸೇರಿದವು ತಾವಾಗಿಯೇ ಸಿಗುತ್ತವೆ. ಆದರೆ ಆ ವೇದಿಕೆಗೆ ಸೇರದ ಟ್ರಾನ್ಸ್‌ಪಾಂಡರ್‌ಗಳು ಆಗಲೂ ಹೊರಗುಳಿಯುತ್ತವೆ. ಕೇಂದ್ರ ಸರ್ಕಾರ 2017ರಲ್ಲಿ ಜಿಸ್ಯಾಟ್-15ರಿಂದ ಆರಂಭಿಸಿದ ‘ಸ್ವಯಂ ಪ್ರಭಾ’ದ 32 ಶೈಕ್ಷಣಿಕ ವಾಹಿನಿಗಳು ಅದೇ ಡಿಶ್‌ಗೆ ತಲುಪುವಂತಿದ್ದರೂ ಅನೇಕ ಮನೆಗಳ ಪಟ್ಟಿಯಲ್ಲಿ ಕಾಣದೆ ಹೋಗಲು ಇಂಥ ಹುಡುಕಾಟದ ಮಿತಿಯೂ ಕಾರಣವಾಗಬಲ್ಲದು.

ಬ್ಲೈಂಡ್ ಸ್ಕ್ಯಾನ್ ಇರುವ ಬಾಕ್ಸ್ ಯಾವ ಪಟ್ಟಿಯನ್ನೂ ನಂಬುವುದಿಲ್ಲ. ಎರಡೂ ಧ್ರುವೀಕರಣಗಳಲ್ಲಿ ಇಡೀ ವ್ಯಾಪ್ತಿಯನ್ನು ಸಣ್ಣ ಹೆಜ್ಜೆಗಳಲ್ಲಿ ಶೋಧಿಸಿ, ಶಕ್ತಿ ಕಂಡಲ್ಲೆಲ್ಲ ನಿಂತು, ಆವರ್ತನವನ್ನೂ ಸಿಂಬಲ್ ರೇಟನ್ನೂ ತಾನೇ ಅಂದಾಜಿಸುತ್ತದೆ. ಒಳ್ಳೆಯ ಟ್ಯೂನರ್ ಈ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ‘ಬ್ಲೈಂಡ್ ಸ್ಕ್ಯಾನ್’ ಎಂದು ಡಬ್ಬಿಯ ಮೇಲೆ ಬರೆದಿರುವ ಕೆಲವು ಪೆಟ್ಟಿಗೆಗಳು ವಾಸ್ತವದಲ್ಲಿ ದೊಡ್ಡದೊಂದು ಪಟ್ಟಿಯನ್ನೇ ಓದುತ್ತವೆ. ಪಟ್ಟಿಯಿಂದ ಒಂದು ಟ್ರಾನ್ಸ್‌ಪಾಂಡರನ್ನು ಅಳಿಸಿ ಮತ್ತೆ ಹುಡುಕಿಸಿ ನೋಡಿದರೆ ನಿಜ ಗೊತ್ತಾಗುತ್ತದೆ. ಫ್ರೀ ಡಿಶ್ ಒಂದನ್ನೇ ನೋಡುವ ಮನೆಗೆ ಈ ಸೌಲಭ್ಯ ಅನಿವಾರ್ಯವಲ್ಲ. ಆರು ಅಥವಾ ಎಂಟು ಅಡಿಯ ಡಿಶ್ ಇಟ್ಟು ಸಿ ಬ್ಯಾಂಡ್‌ನಲ್ಲಿ ಹುಡುಕುವವರಿಗೆ ಮಾತ್ರ ಇದಿಲ್ಲದೆ ಆಗದು. ಸಿ ಬ್ಯಾಂಡ್‌ನಲ್ಲಿ ಕೇಬಲ್ ನಿರ್ವಾಹಕರಿಗಾಗಿ ಕಳುಹಿಸುವ ವಾಹಿನಿಗಳಲ್ಲಿ ಕೆಲವು ಬೀಗವಿಲ್ಲದೆ ಬರುತ್ತವೆ, ಮುನ್ಸೂಚನೆಯಿಲ್ಲದೆ ಬೀಗ ಹಾಕಿಕೊಳ್ಳುತ್ತವೆ, ಆವರ್ತನವನ್ನೂ ಬದಲಿಸುತ್ತವೆ. ಹುಡುಕಾಟದ ಪಟ್ಟಿಯಲ್ಲಿ ಡಾಲರ್ ಗುರುತಿನೊಂದಿಗೆ ಕಾಣುವವು ಬೀಗ ಹಾಕಿದ ವಾಹಿನಿಗಳು. ಅವುಗಳನ್ನು ಅನುಮತಿಯಿಲ್ಲದೆ ತೆರೆಯುವುದು ಕಾನೂನುಬಾಹಿರ.

ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು, ಸಂಕೇತದ ಅಳತೆ. ಬಾಕ್ಸ್‌ಗಳು ಪರದೆಯಲ್ಲಿ ಎರಡು ಪಟ್ಟೆಗಳನ್ನು ತೋರಿಸುತ್ತವೆ: ಬಲ ಮತ್ತು ಗುಣಮಟ್ಟ. ಬಲದ ಪಟ್ಟೆ ಸಂಕೇತವನ್ನೂ ಗದ್ದಲವನ್ನೂ ಒಟ್ಟಿಗೆ ಅಳೆಯುವುದರಿಂದ ಡಿಶ್ ಆಕಾಶದ ಖಾಲಿ ಭಾಗಕ್ಕೆ ತಿರುಗಿದ್ದರೂ ಅದು ಅರ್ಧಕ್ಕಿಂತ ಮೇಲೆ ನಿಲ್ಲಬಹುದು. ನೋಡಬೇಕಾದದ್ದು ಗುಣಮಟ್ಟದ ಪಟ್ಟೆಯನ್ನು. ಅಲ್ಲಿಯೂ ಒಬ್ಬ ತಯಾರಕರ 70 ಶೇಕಡಾ ಇನ್ನೊಬ್ಬರ 70 ಶೇಕಡಾಕ್ಕೆ ಸಮವಲ್ಲ. ಗುಣಮಟ್ಟವನ್ನು ಡೆಸಿಬೆಲ್‌ನಲ್ಲಿ ತೋರಿಸುವ ಪೆಟ್ಟಿಗೆಗಳು ಈ ಕಾರಣಕ್ಕೆ ಹೆಚ್ಚು ಉಪಯುಕ್ತ. ಡಿವಿಬಿ-ಎಸ್2ರಲ್ಲಿ ಕ್ಯೂಪಿಎಸ್‌ಕೆ 3/4 ಸಂಕೇತವನ್ನು ಬಿಡಿಸಲು ಸಿದ್ಧಾಂತದ ಪ್ರಕಾರ ಸುಮಾರು 4 ಡೆಸಿಬೆಲ್ ಸಾಕು. 8ಪಿಎಸ್‌ಕೆ 3/4ಕ್ಕೆ ಸುಮಾರು 8 ಬೇಕು. ಒಂದೇ ಡಿಶ್‌ನಲ್ಲಿ ಕೆಲವು ವಾಹಿನಿಗಳು ಮಳೆಗೆ ಬೇಗ ಹೋಗಿ ಇನ್ನು ಕೆಲವು ಉಳಿಯುವುದು ಇದರಿಂದ.

ಎರಡು ಬಾಕ್ಸ್‌ಗಳನ್ನು ಹೋಲಿಸುವಾಗ ಒಂದೇ ಡಿಶ್, ಒಂದೇ ಕೇಬಲ್, ಒಂದೇ ಟ್ರಾನ್ಸ್‌ಪಾಂಡರ್ ಬಳಸಿ, ಹತ್ತಿರ ಹತ್ತಿರದ ಸಮಯದಲ್ಲಿ ನೋಡಬೇಕು. ಒಂದನ್ನು ಬಿಸಿಲಲ್ಲಿಯೂ ಇನ್ನೊಂದನ್ನು ಸಂಜೆಯ ಮಳೆಯಲ್ಲಿಯೂ ಪರೀಕ್ಷಿಸಿದರೆ ಹೋಲಿಸಿದ್ದು ಹವಾಮಾನವನ್ನು ಅಷ್ಟೆ.

ಮಳೆಗಾಲ ಮತ್ತು ವಿದ್ಯುತ್

ಕೆಯು ಬ್ಯಾಂಡ್‌ನ ತರಂಗಾಂತರ ಎರಡೂವರೆ ಸೆಂಟಿಮೀಟರ್‌ನ ಆಸುಪಾಸಿನಲ್ಲಿರುವುದರಿಂದ ದಪ್ಪ ಮಳೆಹನಿಗಳು ಅದನ್ನು ಹೀರುತ್ತವೆ ಮತ್ತು ಚದರಿಸುತ್ತವೆ. ಸಿ ಬ್ಯಾಂಡ್‌ಗೆ ಈ ಬಾಧೆ ಬಹಳ ಕಡಿಮೆ. ಘಟ್ಟದ ಬುಡದ ಮಳೆಗೆ ಯಾವ ಬೆಲೆಯ ಬಾಕ್ಸ್ ತಂದರೂ ಪೂರ್ಣ ಪರಿಹಾರವಿಲ್ಲ. ಆದರೆ 60 ಸೆಂ.ಮೀ. ಡಿಶ್‌ನ ಬದಲು 90 ಸೆಂ.ಮೀ. ಡಿಶ್ ಇಟ್ಟರೆ ಸಂಕೇತ ಸುಮಾರು 3.5 ಡೆಸಿಬೆಲ್ ಹೆಚ್ಚುತ್ತದೆ. ದುಬಾರಿ ಬಾಕ್ಸ್‌ಗೆ ಸುರಿಯುವ ಹಣವನ್ನು ದೊಡ್ಡ ಡಿಶ್‌ಗೆ ಹಾಕುವುದು ಈ ಭಾಗದಲ್ಲಿ ಬುದ್ಧಿವಂತಿಕೆ. ಕೇಬಲ್ ತುದಿಯ ಕನೆಕ್ಟರ್‌ಗೆ ನೀರಿಳಿಯದಂತೆ ಸುತ್ತುವ ರಬ್ಬರ್ ಟೇಪಿನ ಮಹತ್ವವನ್ನೂ ಕಡೆಗಣಿಸಬಾರದು.

2018ರ ಆಗಸ್ಟ್‌ನಲ್ಲಿ ಜೋಡುಪಾಲದ ಭೂಕುಸಿತದಿಂದ ಸಂಪಾಜೆ–ಮಡಿಕೇರಿ ರಸ್ತೆ ಮುಚ್ಚಿತ್ತು. 2022ರ ಆಗಸ್ಟ್‌ನಲ್ಲಿ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ ಪೇಟೆಗೆ ನೀರು ನುಗ್ಗಿತ್ತು. ಇಂಥ ದಿನಗಳಲ್ಲಿ ವಿದ್ಯುತ್ ಇಲ್ಲದಿರುವುದೇ ಹೆಚ್ಚು. ಹೊರಗಿನ 12 ವೋಲ್ಟ್ ಅಡಾಪ್ಟರ್‌ನಿಂದ ನಡೆಯುವ ಬಾಕ್ಸನ್ನು ತಕ್ಕ ಪಿನ್ ಜೋಡಿಸಿ 12 ವೋಲ್ಟ್ ಬ್ಯಾಟರಿಯಿಂದ ನಡೆಸಬಹುದು. ಒಳಗೇ 230 ವೋಲ್ಟ್ ವ್ಯವಸ್ಥೆಯಿರುವ ಬಾಕ್ಸ್‌ಗೆ ಇನ್ವರ್ಟರ್ ಬೇಕು. ಫ್ರೀ ಡಿಶ್‌ನಲ್ಲಿ ಆಕಾಶವಾಣಿಯ ರೇಡಿಯೋ ವಾಹಿನಿಗಳೂ ಬರುತ್ತವೆ. ಧ್ವನಿಯ ಹೊರದಾರಿ ಇರುವ ಬಾಕ್ಸ್‌ಗೆ ಒಂದು ಸ್ಪೀಕರ್ ಜೋಡಿಸಿದರೆ, ವಾಹಿನಿಯನ್ನು ಒಮ್ಮೆ ಆರಿಸಿಕೊಂಡ ಮೇಲೆ ಟಿ.ವಿ. ಆರಿಸಿಯೂ ಸುದ್ದಿ ಕೇಳಬಹುದು.

ಇತರ ಬಗೆಗಳು

ಕಂಪ್ಯೂಟರ್‌ಗೆ ಜೋಡಿಸುವ ಟ್ಯೂನರ್ ಕಾರ್ಡ್‌ಗಳು ಸಂಕೇತದ ಶಕ್ತಿಯನ್ನು ರೇಖಾಚಿತ್ರವಾಗಿ ತೋರಿಸಬಲ್ಲವು. ವಿದ್ಯಾರ್ಥಿಗಳಿಗೆ ಕಲಿಯಲು ಇವು ಅತ್ಯುತ್ತಮ, ಮನೆಮಂದಿಗೆ ಅಲ್ಲ. ಲಿನಕ್ಸ್ ಆಧಾರಿತ ಡ್ರೀಮ್‌ಬಾಕ್ಸ್ ಮೊದಲಾದ ರಿಸೀವರ್‌ಗಳು ಯುರೋಪಿನ ಹವ್ಯಾಸಿಗಳಲ್ಲಿ ಹೆಸರುವಾಸಿ. ಹಲವು ಡಿಶ್‌ಗಳನ್ನು ಒಂದೇ ಬಾಕ್ಸ್‌ಗೆ ಕೊಡುವವರು ಡೈಸೆಕ್ 1.0 ಸ್ವಿಚ್‌ಗೂ, ಮೋಟಾರಿನಿಂದ ಡಿಶ್ ತಿರುಗಿಸುವವರು ಡೈಸೆಕ್ 1.2ಕ್ಕೂ ಬೆಂಬಲವಿದೆಯೇ ಎಂದು ನೋಡಬೇಕು. ಮೊದಲನೆಯದರಲ್ಲಿ ನಾಲ್ಕು ಎಲ್‌ಎನ್‌ಬಿಗಳವರೆಗೆ ಜೋಡಿಸಲು ಸಾಧ್ಯ.

ಉಪಗ್ರಹ ಟ್ಯೂನರ್ ಒಳಗೇ ಇರುವ ಟಿ.ವಿ.ಗಳಿಗಾಗಿ ಭಾರತೀಯ ಮಾನಕ ಬ್ಯೂರೋ ಐಎಸ್ 18112:2022 ಎಂಬ ಮಾನದಂಡವನ್ನು ಹೊರತಂದಿದೆ. ಅಂಥ ಟಿ.ವಿ.ಗೆ ಡಿಶ್‌ನ ಕೇಬಲನ್ನು ನೇರವಾಗಿ ಸಿಕ್ಕಿಸಿ ಬೀಗವಿಲ್ಲದ ವಾಹಿನಿಗಳನ್ನು ನೋಡಬಹುದು. ಪ್ರತ್ಯೇಕ ಬಾಕ್ಸ್ ಬೇಕಾಗುವುದಿಲ್ಲ.