ಖಾತವ್ಯವಹಾರದ ಮೂರು ಫಲಗಳು

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದು ಸುವಿದಿತವಾಗಿದೆ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಕವಿರಾಜಮಾರ್ಗದ ಮೂಲಕ ಸಾಹಿತ್ಯಾಭ್ಯಾಸಿಗಳೆಲ್ಲರೂ ಬಲ್ಲರು. ಅದೇ ದೊರೆಯನ್ನು ಆದಿಯಲ್ಲಿ ಪ್ರಶಂಸಿಸುವ ಮತ್ತೊಂದು ಗ್ರಂಥವು ಸುಮಾರು 850ರಲ್ಲಿ ರಚಿತವಾದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಇದನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಬಾವಿ, ಕೊಳ ಮೊದಲಾದ ಅಗೆತಗಳ ಘನಫಲವನ್ನು ತಿಳಿಸುವ ಪ್ರಕರಣಕ್ಕೆ ಖಾತವ್ಯವಹಾರವೆಂದು ಹೆಸರು. ಮೇಲೆ ಅಗಲವಾಗಿ ತಳದಲ್ಲಿ ಕಿರಿದಾಗುವ ಖಾತಕ್ಕೆ ಅದರಲ್ಲಿ ಕರ್ಮಾಂತಿಕ, ಔಂಡ್ರ, ಸೂಕ್ಷ್ಮ ಎಂಬ ಮೂರು ಫಲಗಳು ಹೇಳಲ್ಪಟ್ಟಿವೆ. ಒಂದೇ ಕೊಳಕ್ಕೆ ಮೂರು ಉತ್ತರಗಳೆಂದರೆ ಆಚಾರ್ಯನಿಗೇ ನಿಶ್ಚಯವಿರಲಿಲ್ಲವೆಂದು ಓದುಗನು ಶಂಕಿಸಬಹುದು. ಲೆಕ್ಕವನ್ನು ಮಾಡಿ ನೋಡಿದರೆ ಶಂಕೆಗೆ ಎಡೆಯಿಲ್ಲ.

ಮುಖದಲ್ಲಿ 20 ಮೀಟರು, ತಳದಲ್ಲಿ 10 ಮೀಟರು ಭುಜವುಳ್ಳ, 9 ಮೀಟರು ಆಳದ ಚೌಕ ಕೊಳವೊಂದಿರಲಿ. ಭುಜಗಳ ಸರಾಸರಿ 15. ಅದರ ವರ್ಗ 225ನ್ನು ಆಳದಿಂದ ಗುಣಿಸಿದರೆ 2025 ಘನಮೀಟರು: ಇದು ಕರ್ಮಾಂತಿಕ. ಮುಖ, ತಳಗಳ ಕ್ಷೇತ್ರಫಲ 400, 100. ಇವುಗಳ ಸರಾಸರಿ 250ನ್ನು ಆಳದಿಂದ ಗುಣಿಸಿದರೆ 2250: ಇದು ಔಂಡ್ರ. ಇವೆರಡರ ಅಂತರ 225. ಅದರ ಮೂರನೆಯ ಒಂದಂಶವಾದ 75ನ್ನು ಕರ್ಮಾಂತಿಕಕ್ಕೆ ಕೂಡಿಸಲು 2100 ಬರುವುದು. ಇದೇ ಸೂಕ್ಷ್ಮಫಲ, ಎಂದರೆ 21,00,000 ಲೀಟರು ನೀರು.

ಮೂರರಿಂದಲೇ ಭಾಗಿಸತಕ್ಕದ್ದೇಕೆ? ಕೊಳವನ್ನು ಮನಸ್ಸಿನಲ್ಲಿ ಖಂಡಗಳಾಗಿ ವಿಭಾಗಿಸಬೇಕು. ತಳದ ನೇರಕ್ಕೆ ನಿಂತ ನಡುಗಂಬದ ಫಲ 900. ನಾಲ್ಕು ಪಕ್ಕದ ಇಳಿಜಾರುಗಳು ಒಂದೊಂದೂ 225, ಒಟ್ಟು 900. ಇಲ್ಲಿಯವರೆಗೆ ಎರಡು ಕ್ರಮಗಳಲ್ಲಿಯೂ ದೋಷವಿಲ್ಲ. ಭೇದವೆಲ್ಲವೂ ನಾಲ್ಕು ಮೂಲೆಗಳಲ್ಲಿ. ಪ್ರತಿಯೊಂದು ಮೂಲೆಯೂ 5 ಮೀಟರು ಚೌಕದ ಮುಖವುಳ್ಳ, ಕೆಳಗೆ ಮೊನೆಯಾದ ಸೂಚೀಖಾತ. ಅದರ ನಿಜವಾದ ಫಲವು ಅದೇ ಮುಖ, ಆಳಗಳ ಸಮಖಾತದಲ್ಲಿ ಮೂರನೆಯ ಒಂದಂಶ. ಕರ್ಮಾಂತಿಕವು ಅದನ್ನು ನಾಲ್ಕನೆಯ ಒಂದಂಶವೆಂದು ಎಣಿಸುವುದು. ಔಂಡ್ರವು ಅರ್ಧವೆಂದು ಎಣಿಸುವುದು. ಕಾಲಿಗೆ ಕಾಲು-ಅರ್ಧಗಳ ಅಂತರದಲ್ಲಿ ಮೂರನೆಯ ಒಂದಂಶವನ್ನು ಕೂಡಿಸಿದರೆ ಮೂರನೆಯ ಒಂದಂಶವೇ ಲಭಿಸುವುದು. ಹೀಗೆ ಒಂದು ಕೊರತೆಯೂ ಒಂದು ಹೆಚ್ಚಳವೂ ಸೇರಿ ಸತ್ಯವನ್ನು ಕೊಡುತ್ತವೆ.

ಈ ಕ್ರಮವು ಮಹಾವೀರನಿಗೆ ಮೊದಲೇ, 628ರಲ್ಲಿ, ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಉಕ್ತವಾಗಿತ್ತು. ಭಾಸ್ಕರಾಚಾರ್ಯನು 1150ರ ಲೀಲಾವತಿಯಲ್ಲಿ ಮುಖಫಲ, ತಳಫಲ, ಭುಜಗಳ ಮೊತ್ತದಿಂದಾದ ಫಲ, ಈ ಮೂರನ್ನೂ ಕೂಡಿಸಿ ಆರರಿಂದ ಭಾಗಿಸಿ ಆಳದಿಂದ ಗುಣಿಸುವಂತೆ ವಿಧಿಸಿದನು. 400, 100, 900ಗಳ ಮೊತ್ತ 1400. ಆರರಿಂದ ಭಾಗಿಸಿ 9ರಿಂದ ಗುಣಿಸಿದರೂ 2100ವೇ.

ಮಳಖೇಡಕ್ಕೆ ದೂರವಲ್ಲದ ಶಹಾಬಾದ, ವಾಡಿ, ಚಿತ್ತಾಪುರಗಳ ಸೀಮೆಯಲ್ಲಿ ಹಾಸುಗಲ್ಲು ತೆಗೆದ ಹಳ್ಳಗಳಲ್ಲಿ ಮಳೆನೀರು ನಿಲ್ಲುವುದುಂಟು. ಅವು ಮೆಟ್ಟಿಲುಮೆಟ್ಟಿಲಾಗಿದ್ದರೆ ಪದರಪದರವಾಗಿ ಅಳೆದು ಕೂಡಿಸತಕ್ಕದ್ದು. ಪಕ್ಕಗಳು ಸಮನಾಗಿ ಇಳಿದಿದ್ದರೆ ಮಾತ್ರ ಮೇಲಣ ಸೂತ್ರವು ಸಲ್ಲುವುದು. ಪಾಠ ಹೇಳುವವರು ಇಂತಹ ಹಳ್ಳವೊಂದನ್ನು ಅಳೆಯಿಸಿ ಮೂರು ಫಲಗಳನ್ನೂ ಸಾಧಿಸಿ ತೋರಿಸಿದರೆ, ಕರ್ಮಾಂತಿಕ, ಔಂಡ್ರಗಳು ಪರಸ್ಪರ ವಿರುದ್ಧವಾದ ಮತಗಳಲ್ಲ, ಸೂಕ್ಷ್ಮಕ್ಕೆ ಏರುವ ಎರಡು ಮೆಟ್ಟಿಲುಗಳೆಂಬುದು ವಿಶದವಾಗುವುದು. ಶಾಸ್ತ್ರಗ್ರಂಥದ ಪದಕ್ಕೆ ಕೋಶದ ಅರ್ಥವಷ್ಟೇ ಸಾಲದು. ಲೆಕ್ಕವೂ ಅದರ ವ್ಯಾಖ್ಯಾನವೇ.