ಹಿಮ್ಮಡಿಯ ಒಂದು ತೊಟ್ಟು ರಕ್ತ

ನಾರ್ವೆ ದೇಶದ ಆಸ್ಲೋ ನಗರದಲ್ಲಿ ಒಬ್ಬ ತಾಯಿಯಿದ್ದಳು. ಆಕೆಗೆ ಇಬ್ಬರು ಮಕ್ಕಳು. ಹಿರಿಯವಳು ಮಗಳು, ಕಿರಿಯವನು ಮಗ. ಹುಟ್ಟಿದಾಗ ಇಬ್ಬರೂ ಎಲ್ಲ ಮಕ್ಕಳಂತೆಯೇ ಇದ್ದರು. ಆದರೆ ಮಗಳಿಗೆ ಮಾತು ಬರುವ ವಯಸ್ಸು ಕಳೆದರೂ ನಾಲ್ಕಾರು ಶಬ್ದಗಳ ಹೊರತು ಮಾತು ಬರಲಿಲ್ಲ. ನಡಿಗೆಯೂ ತಡವಾಗಿ, ತಡವರಿಸುತ್ತ ಬಂದಿತು. ಮಗನಂತೂ ನಾಲ್ಕು ವರ್ಷವಾದರೂ ನಡೆಯಲಿಲ್ಲ, ನುಡಿಯಲಿಲ್ಲ. ಇದರೊಡನೆ ಇನ್ನೊಂದು ವಿಚಿತ್ರ. ಮಕ್ಕಳಿಗೆ ಎಷ್ಟು ಸಲ ಸ್ನಾನ ಮಾಡಿಸಿದರೂ ಅವರ ಮೈಯಿಂದ ಒಂದು ಬಗೆಯ ಮುಗ್ಗಲು ವಾಸನೆ ಹೋಗುತ್ತಿರಲಿಲ್ಲ.

ತಾಯಿ ಒಬ್ಬ ವೈದ್ಯನಿಂದ ಮತ್ತೊಬ್ಬ ವೈದ್ಯನ ಬಳಿಗೆ ಅಲೆದಳು. ಬುದ್ಧಿಮಾಂದ್ಯಕ್ಕೆ ಔಷಧವಿಲ್ಲವೆಂಬುದೇ ಅಂದಿನ ಸಾಮಾನ್ಯ ನಂಬಿಕೆ. ವಾಸನೆಯ ಮಾತನ್ನು ಗಂಭೀರವಾಗಿ ಎಣಿಸಿದವರು ಯಾರೂ ಇಲ್ಲ. ಆದರೂ ಆಕೆ ತನ್ನ ಪ್ರಶ್ನೆಯನ್ನು ಬಿಡಲಿಲ್ಲ: ಈ ವಾಸನೆಗೂ ಮಕ್ಕಳ ಮಂಕುತನಕ್ಕೂ ಏನಾದರೂ ಸಂಬಂಧವಿರಬಹುದೇ?

1934ರಲ್ಲಿ ಈ ಪ್ರಶ್ನೆ ಅಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯ ವಿಜ್ಞಾನಿಯ ಮುಂದೆ ಬಂದಿತು. ಫೋಲಿಂಗ್ ಮೊದಲು ರಸಾಯನಶಾಸ್ತ್ರವನ್ನು ಕಲಿತು ಆಮೇಲೆ ವೈದ್ಯನಾದವನು. ಆ ಎರಡು ವಿದ್ಯೆಗಳೂ ಒಬ್ಬನಲ್ಲಿ ಕೂಡಿದ್ದುದು ಮುಂದೆ ಸಾವಿರಾರು ಮನೆಗಳ ಭಾಗ್ಯವಾಯಿತು.

ಹಸಿರು ಬಣ್ಣದ ಸುಳಿವು

ಫೋಲಿಂಗ್ ಮಗಳ ಮೂತ್ರವನ್ನು ಪರೀಕ್ಷಿಸಿ, ಅದಕ್ಕೆ ಕೆಲವು ತೊಟ್ಟು ಫೆರಿಕ್ ಕ್ಲೋರೈಡ್ ದ್ರಾವಣವನ್ನು ಬೆರೆಸಿದನು. ಇದು ಅಂದಿನ ವೈದ್ಯರಿಗೆ ಪರಿಚಿತವಾದ ಪರೀಕ್ಷೆಯೇ. ಸಕ್ಕರೆ ಕಾಯಿಲೆಯವರಲ್ಲಿ ಕೆಲವರ ಮೂತ್ರ ಇದರಿಂದ ಕೆಂಗಂದು ಬಣ್ಣಕ್ಕೆ ತಿರುಗುವುದುಂಟು. ಆದರೆ ಇಲ್ಲಿ ಕಂಡದ್ದು ಕಡುಹಸಿರು. ಕೆಲವು ನಿಮಿಷಗಳಲ್ಲಿ ಆ ಬಣ್ಣವೂ ಮಾಯವಾಯಿತು. ಮಗನ ಮೂತ್ರವೂ ಹೀಗೆಯೇ ಹಸಿರಾಯಿತು. ಯಾವುದಾದರೂ ಔಷಧದಿಂದ ಹೀಗಾಗಿರಬಹುದೆಂದು ಫೋಲಿಂಗ್ ಒಂದು ವಾರ ಎಲ್ಲ ಔಷಧಗಳನ್ನೂ ನಿಲ್ಲಿಸುವಂತೆ ತಾಯಿಗೆ ಹೇಳಿದನು. ಒಂದು ವಾರ ಕಳೆದರೂ ಹಸಿರು ಹೋಗಲಿಲ್ಲ.

ಹಸಿರಿಗೆ ಕಾರಣವಾದ ವಸ್ತು ಯಾವುದೆಂದು ಬೇರ್ಪಡಿಸಿ ತಿಳಿಯುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ಇದಕ್ಕಾಗಿ ಒಟ್ಟು 22 ಲೀಟರ್ ಮೂತ್ರ ಬೇಕಾಯಿತು. ಅದನ್ನು ತಾಯಿ ಬೇಸರವಿಲ್ಲದೆ ಒದಗಿಸಿದಳು. ಕೊನೆಗೆ ದೊರೆತದ್ದು ಫೀನೈಲ್ ಪೈರುವಿಕ್ ಆಮ್ಲ. ಆರೋಗ್ಯವಂತರ ಮೂತ್ರದಲ್ಲಿ ಇದು ಹೀಗೆ ಕಾಣಿಸಿಕೊಳ್ಳುವುದಿಲ್ಲ. ಬಳಿಕ ಫೋಲಿಂಗ್ ಬುದ್ಧಿಮಾಂದ್ಯರ ಆಶ್ರಮಗಳಲ್ಲಿದ್ದ 430 ಮಂದಿಯನ್ನು ಪರೀಕ್ಷಿಸಿದನು. ಎಂಟು ಮಂದಿಯಲ್ಲಿ ಅದೇ ಹಸಿರು ಕಂಡಿತು. ಬುದ್ಧಿಮಾಂದ್ಯವೆಂದು ಒಂದೇ ಹೆಸರಿನಿಂದ ಕರೆಯುತ್ತಿದ್ದ ಕಷ್ಟಗಳ ನಡುವೆ, ನಿಶ್ಚಿತವಾದ ರಾಸಾಯನಿಕ ಕಾರಣವುಳ್ಳ ಒಂದು ರೋಗವಿದೆಯೆಂದು ಮೊದಲ ಬಾರಿಗೆ ಸ್ಪಷ್ಟವಾಯಿತು. ಅದಕ್ಕೆ ಫೀನೈಲ್ ಕೀಟೋನೂರಿಯಾ ಎಂಬ ಹೆಸರು ಮುಂದೆ ನಿಂತಿತು.

ಕಾರಣ ತಿಳಿಯಿತು, ಪರಿಹಾರ ತಿಳಿಯಲಿಲ್ಲ. ಪ್ರಶ್ನೆಯನ್ನು ಎತ್ತಿದ ತಾಯಿಯ ಮಕ್ಕಳಿಗೆ ಈ ಸಂಶೋಧನೆಯಿಂದ ಯಾವ ಫಲವೂ ದೊರೆಯಲಿಲ್ಲ.

ಮುಚ್ಚಿದ ತೂಬು

ಹಾಲು, ಬೇಳೆ, ಮಾಂಸ ಮೊದಲಾದ ಆಹಾರದಲ್ಲಿರುವ ಸಸಾರಜನಕವು ಹೊಟ್ಟೆಯಲ್ಲಿ ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ. ಅವುಗಳಲ್ಲಿ ಫೀನೈಲ್ ಅಲನೀನ್ ಎಂಬುದೊಂದು. ದೇಹಕ್ಕೆ ಬೇಕಾದಷ್ಟು ಉಪಯೋಗವಾದ ಮೇಲೆ ಉಳಿದುದನ್ನು ಯಕೃತ್ತಿನ ಒಂದು ಕಿಣ್ವವು ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಈ ರೋಗದಲ್ಲಿ ಆ ಕಿಣ್ವವೇ ಕೆಲಸ ಮಾಡುವುದಿಲ್ಲ. ಕೆರೆಯ ತೂಬು ಮುಚ್ಚಿಹೋದರೆ ಏರಿದ ನೀರು ಕೋಡಿ ಹರಿದು ಹೊಲಗಳನ್ನು ಹಾಳುಮಾಡುವಂತೆ, ರಕ್ತದಲ್ಲಿ ಏರುತ್ತ ಹೋಗುವ ಫೀನೈಲ್ ಅಲನೀನ್ ಬೆಳೆಯುತ್ತಿರುವ ಎಳೆಯ ಮಿದುಳನ್ನು ಕೆಡಿಸುತ್ತದೆ.

ಇದು ತಾಯಿಯ ತಪ್ಪಲ್ಲ, ಪಾಲನೆಯ ದೋಷವಲ್ಲ, ಯಾರ ದೃಷ್ಟಿ ತಾಕಿದುದೂ ಅಲ್ಲ. ಜೀನ್ ಎಂದು ಕರೆಯುವ ಗುಣಾಣುಗಳು ತಂದೆಯಿಂದ ಒಂದು, ತಾಯಿಯಿಂದ ಒಂದು ಎಂಬಂತೆ ಜೋಡಿಯಾಗಿ ಮಗುವಿಗೆ ಬರುತ್ತವೆ. ಜೋಡಿಯಲ್ಲಿ ಒಂದು ಮಾತ್ರ ದೋಷಯುಕ್ತವಾಗಿದ್ದರೆ ಇನ್ನೊಂದು ಕೆಲಸವನ್ನು ನಿಭಾಯಿಸುತ್ತದೆ. ಅಂಥವರು ಜೀವಮಾನವಿಡೀ ಆರೋಗ್ಯವಾಗಿಯೇ ಇರುತ್ತಾರೆ. ಇಂತಹ ಇಬ್ಬರು ದಂಪತಿಗಳಾದರೆ, ಪ್ರತಿಯೊಂದು ಮಗುವಿಗೂ ಎರಡೂ ದೋಷಯುಕ್ತ ಗುಣಾಣುಗಳು ಬರುವ ಸಂಭವ ನಾಲ್ಕರಲ್ಲಿ ಒಂದು. ರಕ್ತಸಂಬಂಧಿಗಳಲ್ಲಿ ಒಂದೇ ಗುಣಾಣು ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚು. ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿ ಇನ್ನೂ ಉಳಿದಿರುವ ನಮ್ಮ ನಾಡಿನ ಕುಟುಂಬಗಳು ಈ ಸಂಗತಿಯನ್ನು ಅರಿತಿರುವುದು ಒಳ್ಳೆಯದು.

ಬರ್ಮಿಂಗ್‌ಹ್ಯಾಮಿನ ಮುಂಜಾವುಗಳು

ಎರಡನೆಯ ಅಧ್ಯಾಯದಲ್ಲಿಯೂ ಬಾಗಿಲು ತಟ್ಟಿದವಳು ಒಬ್ಬ ತಾಯಿಯೇ. 1951ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಜರ್ಮನಿಯ ವೈದ್ಯ ಹಾರ್ಸ್ಟ್ ಬಿಕೆಲ್ ಒಂದು ಹೆಣ್ಣುಮಗುವಿನಲ್ಲಿ ಈ ರೋಗವನ್ನು ಗುರುತಿಸಿದನು. ಎರಡು ವರ್ಷದ ಆ ಮಗು ನಿಲ್ಲಲಾರದು, ನಡೆಯಲಾರದು. ದಿನವೆಲ್ಲ ನರಳುತ್ತ, ಅಳುತ್ತ, ತಲೆಯನ್ನು ಚಚ್ಚಿಕೊಳ್ಳುತ್ತಿತ್ತು. ರೋಗದ ಹೆಸರನ್ನು ಹೇಳಿದರೆ ತಾಯಿಗೆ ಸಮಾಧಾನವಾಗುವುದೆಂತು? ಆಕೆ ದಿನವೂ ಬೆಳಗ್ಗೆ ಪ್ರಯೋಗಶಾಲೆಯ ಮುಂದೆ ಬಂದು ನಿಂತು, ಮಗುವಿಗೆ ಏನಾದರೂ ಮಾಡಬೇಕೆಂದು ಕೇಳತೊಡಗಿದಳು.

ಫೀನೈಲ್ ಅಲನೀನ್ ಇಲ್ಲದ ಆಹಾರವನ್ನು ಕೊಟ್ಟುನೋಡಬಹುದೆಂದು ಲೂಯಿ ವುಲ್ಫ್ ಎಂಬ ರಸಾಯನವಿಜ್ಞಾನಿ ಸೂಚಿಸಿದ್ದನು. ಬಿಕೆಲ್ ಮತ್ತು ಅವನ ಸಹೋದ್ಯೋಗಿಗಳಾದ ಈವ್ಲಿನ್ ಹಿಕ್‌ಮನ್ಸ್, ಜಾನ್ ಜೆರಾರ್ಡ್ ಅವರು ಹಾಲಿನ ಸಸಾರಜನಕವನ್ನು ಒಡೆದು, ಇದ್ದಿಲಿನ ಮೂಲಕ ಹಾಯಿಸಿ, ಆ ಒಂದು ವಸ್ತುವನ್ನು ತೆಗೆದು ಆಹಾರವನ್ನು ಸಿದ್ಧಪಡಿಸಿದರು. ಅದನ್ನು ಪೂರ್ತಿಯಾಗಿ ತೆಗೆದರೆ ಮಗುವಿನ ತೂಕ ಇಳಿಯುವುದೆಂದು ಬೇಗನೆ ತಿಳಿಯಿತು. ಬೆಳವಣಿಗೆಗೆ ಬೇಕಾದಷ್ಟನ್ನು ಮಾತ್ರ ಅಳೆದು ಸೇರಿಸಿದರು. ಕೆಲವು ತಿಂಗಳುಗಳಲ್ಲಿ ಮಗು ಅಂಬೆಗಾಲಿಕ್ಕಿತು, ಎದ್ದು ನಿಂತಿತು. ಕಣ್ಣುಗಳಲ್ಲಿ ಹೊಳಪು ಬಂದಿತು. ತಲೆ ಚಚ್ಚಿಕೊಳ್ಳುವುದು ನಿಂತಿತು.

ಇದು ನಿಜವಾಗಿ ಆಹಾರದ ಫಲವೇ? ನಿಶ್ಚಯಿಸಲು ವೈದ್ಯರು ತಾಯಿಗೆ ತಿಳಿಸದೆ ಆಹಾರದಲ್ಲಿ ಫೀನೈಲ್ ಅಲನೀನನ್ನು ಮತ್ತೆ ಬೆರೆಸಿದರು. ಮಗು ಪುನಃ ಅಳತೊಡಗಿತು. ಕಲಿತುದೆಲ್ಲ ಕೆಲವೇ ದಿನಗಳಲ್ಲಿ ಕೈಬಿಟ್ಟಿತು. ಸತ್ಯ ಸಿದ್ಧವಾಯಿತು, ಆದರೆ ತಾಯಿಯ ಅರಿವಿಲ್ಲದೆ ಮಗುವಿನ ಮೇಲೆ ಇಂತಹ ಪರೀಕ್ಷೆ ನಡೆಸುವುದನ್ನು ಇಂದಿನ ವೈದ್ಯನೀತಿ ಒಪ್ಪುವುದಿಲ್ಲ. ಆ ಮಗುವಿಗೆ ಸರಿಯಾದ ಆಹಾರವನ್ನು ಮುಂದುವರಿಸಿದರೂ, ಮೊದಲೇ ಕೆಟ್ಟಿದ್ದ ಮಿದುಳು ಪೂರ್ತಿಯಾಗಿ ಸರಿಹೋಗಲಿಲ್ಲ. ಚಿಕಿತ್ಸೆ ಇದೆ, ಆದರೆ ಹುಟ್ಟಿದ ಕೆಲವೇ ವಾರಗಳೊಳಗೆ ಆರಂಭವಾಗಬೇಕು ಎಂಬ ಪಾಠ ಉಳಿಯಿತು.

ಸೂಕ್ಷ್ಮಜೀವಿಗಳ ಸಾಕ್ಷ್ಯ

ಆದರೆ ಹುಟ್ಟಿದ ಕೂಡಲೇ ರೋಗವನ್ನು ಗುರುತಿಸುವುದು ಹೇಗೆ? ಮೂತ್ರದಲ್ಲಿ ಹಸಿರು ಬಣ್ಣ ಕಾಣಿಸಿಕೊಳ್ಳುವುದಕ್ಕೆ ವಾರಗಳು ಬೇಕು. ಅಷ್ಟರಲ್ಲಿ ಹಾನಿ ಆರಂಭವಾಗಿರುತ್ತದೆ.

ಅಮೆರಿಕದ ಬಫೆಲೋ ನಗರದ ರಾಬರ್ಟ್ ಗತ್ರಿ ಸೂಕ್ಷ್ಮಜೀವಿಗಳ ತಜ್ಞ. ಮೊದಲು ಕ್ಯಾನ್ಸರ್ ಸಂಶೋಧನೆಯಲ್ಲಿ ತೊಡಗಿದ್ದವನು. ಅವನ ಒಬ್ಬ ಮಗ ಬೇರೊಂದು ಕಾರಣದಿಂದ ಬುದ್ಧಿಮಾಂದ್ಯನಾಗಿದ್ದನು. ಹೆಂಡತಿಯ ಕಡೆಯ ಮಗುವೊಂದಕ್ಕೆ ಫೀನೈಲ್ ಕೀಟೋನೂರಿಯಾ ಇರುವುದು ಒಂದು ವರ್ಷ ಕಳೆದ ಮೇಲೆ ತಿಳಿದುಬಂದಿತು. ಆ ವೇಳೆಗೆ ಕಾಲ ಮೀರಿತ್ತು. ಮನೆಯ ದುಃಖವೇ ಗತ್ರಿಯನ್ನು ಈ ಕೆಲಸಕ್ಕೆ ಎಳೆದು ತಂದಿತು.

ಅವನು ಕಂಡುಹಿಡಿದ ವಿಧಾನ ಸರಳವಾದುದು. ಶಿಶುವಿನ ಹಿಮ್ಮಡಿಯನ್ನು ಚುಚ್ಚಿ ತೆಗೆದ ರಕ್ತವನ್ನು ಸೋಸುವ ಕಾಗದಕ್ಕೆ ಅಂಟಿಸಿ ಒಣಗಿಸುವುದು. ಆ ಕಾಗದದಿಂದ ಕತ್ತರಿಸಿದ ಪುಟ್ಟ ಬಿಲ್ಲೆಯನ್ನು ಸೂಕ್ಷ್ಮಜೀವಿಗಳಿರುವ ತಟ್ಟೆಯಲ್ಲಿಡುವುದು. ತಟ್ಟೆಯಲ್ಲಿ ಆ ಜೀವಿಗಳ ಬೆಳವಣಿಗೆಯನ್ನು ತಡೆಯುವ ವಸ್ತುವನ್ನು ಮೊದಲೇ ಬೆರೆಸಿರುತ್ತದೆ. ರಕ್ತದಲ್ಲಿ ಫೀನೈಲ್ ಅಲನೀನ್ ಹೆಚ್ಚಾಗಿದ್ದರೆ ಆ ತಡೆ ಮುರಿದು, ಬಿಲ್ಲೆಯ ಸುತ್ತ ಜೀವಿಗಳು ವಲಯದಂತೆ ಬೆಳೆಯುತ್ತವೆ. ವಲಯ ದೊಡ್ಡದಾದಷ್ಟೂ ಅಪಾಯ ಹೆಚ್ಚು. ಒಣಗಿದ ಕಾಗದವನ್ನು ಲಕೋಟೆಯಲ್ಲಿಟ್ಟು ಅಂಚೆಯ ಮೂಲಕ ದೂರದ ಪ್ರಯೋಗಶಾಲೆಗೂ ಕಳುಹಿಸಬಹುದಾಗಿತ್ತು.

ಅಮೆರಿಕದ 29 ರಾಜ್ಯಗಳಲ್ಲಿ ಸುಮಾರು 4,00,000 ಶಿಶುಗಳನ್ನು ಪರೀಕ್ಷಿಸಿದಾಗ 39 ಶಿಶುಗಳಲ್ಲಿ ರೋಗ ಪತ್ತೆಯಾಯಿತು. 1963ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಈ ಪರೀಕ್ಷೆಯನ್ನು ಕಾಯಿದೆಯಿಂದ ಕಡ್ಡಾಯಗೊಳಿಸಿತು. ಬೇರೆ ರಾಜ್ಯಗಳೂ ದೇಶಗಳೂ ಹಿಂಬಾಲಿಸಿದುವು. ಸಕಾಲದಲ್ಲಿ ಪಥ್ಯವನ್ನು ಆರಂಭಿಸಿದ ಮಕ್ಕಳು ಓರಗೆಯವರೊಡನೆ ಶಾಲೆಗೆ ಹೋದರು, ಉದ್ಯೋಗ ಹಿಡಿದರು, ಸಂಸಾರವಂತರಾದರು. ಪಥ್ಯವನ್ನು ಬಾಲ್ಯ ಕಳೆದ ಮೇಲೆ ಬಿಡಬಹುದೆಂದು ಮೊದಲು ಭಾವಿಸಿದ್ದರು. ಈಗ ಜೀವಮಾನವಿಡೀ ಪಾಲಿಸಬೇಕೆಂಬುದು ವೈದ್ಯರ ಮತ. ಸಕ್ಕರೆಗೆ ಬದಲಾಗಿ ಆಸ್ಪರ್ಟೇಮ್ ಬೆರೆಸಿದ ಪಾನೀಯಗಳ ಮೇಲೆ ಫೀನೈಲ್ ಅಲನೀನ್ ಇದೆಯೆಂಬ ಎಚ್ಚರಿಕೆಯನ್ನು ಅಚ್ಚುಮಾಡುವುದು ಇಂಥವರಿಗಾಗಿಯೇ.

ನಮ್ಮ ತೊಟ್ಟಿಲುಗಳು

ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪಾಲುಂಟು. 1980ರ ದಶಕದಲ್ಲಿ ಇಲ್ಲಿ ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲಗಳ ದೋಷಗಳನ್ನು ಹುಡುಕುವ ಕಾರ್ಯ ನಡೆಯಿತು. ನಗರದ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್ ಅವರು ಇದರಲ್ಲಿ ಪ್ರಮುಖರು. ಸುಮಾರು ಒಂದು ಲಕ್ಷ ಶಿಶುಗಳ ಪರೀಕ್ಷೆಯಾಯಿತು. ಇಂತಹ ರೋಗಗಳು ಪರದೇಶದವರಿಗೆ ಮಾತ್ರ ಎಂಬ ಭ್ರಮೆಗೆ ಎಡೆಯಿಲ್ಲವಾಯಿತು.

ಇಂದು ಸೂಕ್ಷ್ಮಜೀವಿಗಳ ತಟ್ಟೆಯ ಸ್ಥಾನಕ್ಕೆ ಅಣುಗಳ ತೂಕವನ್ನು ಅಳೆಯುವ ಯಂತ್ರಗಳೂ ಅವುಗಳ ಲೆಕ್ಕವನ್ನು ಓದುವ ಕಂಪ್ಯೂಟರುಗಳೂ ಬಂದಿವೆ. ಒಂದೇ ರಕ್ತದ ಕಲೆಯಿಂದ ಹತ್ತಾರು ರೋಗಗಳನ್ನು ಗುರುತಿಸಬಹುದು. ಥೈರಾಯ್ಡ್ ಗ್ರಂಥಿಯ ಹುಟ್ಟುಕೊರತೆಯೂ ಹೀಗೆಯೇ ಪತ್ತೆಯಾಗುತ್ತದೆ. ದಿನಕ್ಕೊಂದು ಅಗ್ಗದ ಮಾತ್ರೆಯಿಂದ ಮಗುವಿನ ಬುದ್ಧಿ ಉಳಿಯುತ್ತದೆ. ಆದರೂ ನಮ್ಮ ದೇಶದಲ್ಲಿ ಹುಟ್ಟುವ ಎಲ್ಲ ಮಕ್ಕಳಿಗೂ ಈ ಪರೀಕ್ಷೆಯ ಭಾಗ್ಯ ಇನ್ನೂ ದೊರೆತಿಲ್ಲ. ಬಾಣಂತಿಯ ಆರೈಕೆಗೂ ನಾಮಕರಣದ ಸಡಗರಕ್ಕೂ ಮೊದಲೇ ಸಿದ್ಧತೆ ನಡೆಸುವ ಮನೆಗಳಲ್ಲಿ, ಹಿಮ್ಮಡಿಯ ಈ ಒಂದು ತೊಟ್ಟು ರಕ್ತದ ವಿಷಯವನ್ನೂ ವೈದ್ಯರಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ವಿವೇಕ.

ಸೂಜಿಯ ಚುಚ್ಚಿಗೆ ಮಗು ಅರೆಗಳಿಗೆ ಅಳುತ್ತದೆ. ತಾಯಿ ಎತ್ತಿಕೊಂಡರೆ ಸುಮ್ಮನಾಗುತ್ತದೆ. ಆಸ್ಲೋ ನಗರದ ಆ ತಾಯಿಗೆ ಇಷ್ಟು ಸುಲಭದ ಪರೀಕ್ಷೆ ಇರಲಿಲ್ಲ. ಇದ್ದುದು ತನ್ನ ಮಕ್ಕಳ ಮೈಯ ವಾಸನೆಗೆ ಅರ್ಥವಿದೆಯೆಂಬ ನಂಬಿಕೆಯೊಂದೇ. ತನ್ನ ಮಕ್ಕಳಿಗೆ ದೊರೆಯದ ಬೆಳಕನ್ನು ಆಕೆಯ ಹಟವು ಲೋಕದ ಮಕ್ಕಳಿಗೆ ದೊರಕಿಸಿತು.